ಬ್ರಿಜ್: ಎಲೆ ಬಿದ್ದ ಮೇಲೂ ಬಿಡ್ ಮರೆಯಬೇಡಿ

ಭಾನುವಾರ ನನ್ನ ಮನೆಯ ಮೇಜಿಗೆ ಬ್ರಿಜ್, ಅಂದರೆ ಇಬ್ಬಿಬ್ಬರ ಎರಡು ಜೋಡಿಗಳು ಆಡುವ ಎಲೆಯಾಟ, ಆಡಲು ಬರುವ ಹೊಸಬರಲ್ಲಿ ಹೆಚ್ಚಿನವರಿಗೆ ನಿಯಮಗಳು ಗೊತ್ತಿರುತ್ತವೆ. ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1, ಒಟ್ಟು ಕಟ್ಟಿನಲ್ಲಿ 40 ಪಾಯಿಂಟ್ ಎಂದು ನಿದ್ದೆಯಲ್ಲೂ ಹೇಳುತ್ತಾರೆ. ಗುಲಾಮನೇ ಎಲ್ಲಕ್ಕಿಂತ ದೊಡ್ಡ ಎಲೆಯಾಗಿರುವ ಇಪ್ಪತ್ತೆಂಟು ಆಟ ಆಡಿ ಬಂದವರಿಗೆ ಮಾತ್ರ ಗುಲಾಮನನ್ನು ಸಿಂಹಾಸನದಿಂದ ಇಳಿಸಲು ಕೆಲವು ವಾರ ಬೇಕಾಗುತ್ತದೆ. ಆದರೆ ಬಹುತೇಕ ಎಲ್ಲರಲ್ಲೂ ಒಂದು ಅಭ್ಯಾಸ ಕಾಣುತ್ತೇನೆ: ಬಿಡ್, ಅಂದರೆ ಎಷ್ಟು ಟ್ರಿಕ್ (ನಾಲ್ವರೂ ಒಂದೊಂದು ಎಲೆ ಹಾಕುವ ಸುತ್ತು) ಗೆಲ್ಲುತ್ತೇವೆ ಎಂದು ಸರದಿಯಂತೆ ಹೇಳುವ ಹಂತ, ಮುಗಿದು ಮೊದಲ ಎಲೆ ಮೇಜಿಗೆ ಬಿದ್ದ ಕ್ಷಣದಲ್ಲಿ, ಬಿಡ್‌ನಲ್ಲಿ ಯಾರು ಏನು ಹೇಳಿದರು, ಯಾರು ಸುಮ್ಮನಿದ್ದರು ಎಂಬುದೆಲ್ಲ ಅವರ ತಲೆಯಿಂದ ಅಳಿಸಿಹೋಗುತ್ತದೆ. ಆಮೇಲೆ ರಾಜನನ್ನು ಹಾಕಲೋ ಗುಲಾಮನನ್ನು ಹಾಕಲೋ ಎಂಬ ಪ್ರಶ್ನೆ ಬಂದಾಗ ಛಾವಣಿಯನ್ನು ನೋಡುತ್ತಾರೆ. ಛಾವಣಿಯಲ್ಲಿ ಉತ್ತರ ಇರುವುದಿಲ್ಲ.

ನಾನು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದವಳು. ಹಾಗಾಗಿ ಲೆಕ್ಕದಿಂದಲೇ ಶುರು ಮಾಡುತ್ತೇನೆ. ಆದರೆ ಇದು ಕೂಡಿಸಿ ಕಳೆಯುವ ಲೆಕ್ಕ ಮಾತ್ರ, ಹೆದರಬೇಕಾಗಿಲ್ಲ. ಈ ಕೆಳಗಿನ ಎಲೆಗಳನ್ನು ನಿಮ್ಮ ಮನೆಯ ಕಟ್ಟಿನಿಂದ ಆರಿಸಿ ಮೇಜಿನ ಮೇಲೆ ಹರಡಿಕೊಳ್ಳಿ. ನೀವು ದಕ್ಷಿಣ, ನಿಮ್ಮ ಜೊತೆಗಾರರು ಉತ್ತರ.

ದಕ್ಷಿಣ: ಸ್ಪೇಡ್ ಎಕ್ಕ, ರಾಣಿ, ಗುಲಾಮ, 10, 6; ಹಾರ್ಟ್ 8, 4; ಡೈಮಂಡ್ ರಾಜ, ರಾಣಿ, 5, 2; ಕ್ಲಬ್ ರಾಜ, ಗುಲಾಮ.

ಉತ್ತರ: ಸ್ಪೇಡ್ ರಾಜ, 9, 7, 4; ಹಾರ್ಟ್ 9, 3, 2; ಡೈಮಂಡ್ ಎಕ್ಕ, 8, 3; ಕ್ಲಬ್ 8, 6, 4.

ಎಲೆ ಹಂಚಿದವರು ಪಶ್ಚಿಮ. ಅವರು ಪಾಸ್, ಉತ್ತರ ಪಾಸ್, ಪೂರ್ವ ಪಾಸ್. ನೀವು ಒಂದು ಸ್ಪೇಡ್ ಎನ್ನುತ್ತೀರಿ, ಅಂದರೆ ಸ್ಪೇಡ್ ತುರುಪಾಗಿ ಆರರ ಮೇಲೆ ಒಂದು, ಒಟ್ಟು ಏಳು ಟ್ರಿಕ್. ಪಶ್ಚಿಮ ಮತ್ತೆ ಪಾಸ್, ಜೊತೆಗಾರರು ಎರಡು ಸ್ಪೇಡ್ ಎನ್ನುತ್ತಾರೆ, ಪೂರ್ವ ಪಾಸ್. ಈಗ ನಿಮ್ಮ ಸರದಿ.

ಜೊತೆಗಾರರ ಎರಡು ಸ್ಪೇಡ್ ಎಂದರೆ 6ರಿಂದ 9 ಪಾಯಿಂಟ್, ಜೊತೆಗೆ ಕನಿಷ್ಠ ಮೂರು ಸ್ಪೇಡ್. ನಿಮ್ಮ ಕೈಯಲ್ಲಿ 16. ಸ್ಪೇಡ್ ಹೊಂದಿಕೆ ಸಿಕ್ಕಿದ್ದರಿಂದ ಎರಡೆರಡೇ ಎಲೆ ಇರುವ ಹಾರ್ಟ್ ಮತ್ತು ಕ್ಲಬ್‌ಗೆ ಒಂದೊಂದು ಸೇರಿಸಿ 18 ಎಂದುಕೊಳ್ಳಿ. ಎರಡೂ ಕೈ ಸೇರಿ 24ರಿಂದ 27. ಸ್ಪೇಡ್ ಗೇಮ್‌ಗೆ, ಅಂದರೆ ದೊಡ್ಡ ಬೋನಸ್ ತರುವ ಹತ್ತು ಟ್ರಿಕ್‌ಗೆ, ಸಾಮಾನ್ಯವಾಗಿ 25 ಅಥವಾ 26 ಬೇಕು. ಗಡಿಯಲ್ಲಿ ನಿಂತಿದ್ದೀರಿ. ಮೂರು ಸ್ಪೇಡ್ ಎಂದು ಕೇಳಿ ನೋಡಬೇಕೆ, ನಾಲ್ಕಕ್ಕೆ ಹಾರಬೇಕೆ?

ಇಲ್ಲಿ ಧೈರ್ಯದ ಮಾತು ಆಡುವವರನ್ನು ನಾನು ನಂಬುವುದಿಲ್ಲ. ಅಂಕಪಟ್ಟಿಯನ್ನು ನೋಡಿ. ತಂಡಗಳ ಪಂದ್ಯದಲ್ಲಿ ಇವೇ ಎಲೆಗಳನ್ನು ಇನ್ನೊಂದು ಕೋಣೆಯಲ್ಲೂ ಆಡುತ್ತಾರೆ. ಎರಡು ಫಲಿತಾಂಶಗಳ ವ್ಯತ್ಯಾಸವನ್ನು ಇಂಪ್ ಎಂಬ ಅಳತೆಗೆ ಇಳಿಸುತ್ತಾರೆ. ನೀವು ವಲ್ನರಬಲ್ (ಬೋನಸ್ಸೂ ದಂಡವೂ ಹೆಚ್ಚಿರುವ ಸ್ಥಿತಿ) ಆಗಿದ್ದು ನಾಲ್ಕು ಸ್ಪೇಡ್ ಗೆದ್ದರೆ 620. ಅಲ್ಲಿ ಅವರು ಗೇಮ್ ಹೇಳದೆ ಅದೇ ಹತ್ತು ಟ್ರಿಕ್ ತೆಗೆದರೆ 170. ವ್ಯತ್ಯಾಸ 450, ಅಂದರೆ 10 ಇಂಪ್ ಲಾಭ. ನೀವು ಒಂದು ಟ್ರಿಕ್‌ನಿಂದ ಸೋತರೆ ಎದುರಾಳಿಗೆ 100. ಅಲ್ಲಿ ಒಂಬತ್ತು ಟ್ರಿಕ್‌ಗೆ 140 ಬಂದಿರುತ್ತದೆ. ವ್ಯತ್ಯಾಸ 240, ಅಂದರೆ 6 ಇಂಪ್ ನಷ್ಟ. 10 ಗೆಲ್ಲಲು 6 ಪಣಕ್ಕಿಡುವ ಆಟ ಇದು. ನೂರರಲ್ಲಿ 38 ಸಲ ಗೆದ್ದರೂ ಸಾಕು, ಹೇಳಿದ್ದು ಸರಿಯೇ. ವಲ್ನರಬಲ್ ಅಲ್ಲದಿದ್ದಾಗ ಗೆಲುವು 6, ಸೋಲು 5. ಆಗ ಸುಮಾರು 45 ಸಲವಾದರೂ ಗೆಲ್ಲುವಂತಿರಬೇಕು. ಜೋಡಿಗಳ ಪಂದ್ಯದಲ್ಲಾದರೆ ಯಾವ ಸ್ಥಿತಿಯಲ್ಲೂ ಐವತ್ತರ ಆಸುಪಾಸು.

ವಲ್ನರಬಲ್ ಎಂಬ ಈ ಹೆಚ್ಚುವರಿ ತಲೆನೋವನ್ನು ಈಗಿನ ಅಂಕಪದ್ಧತಿಗೆ ಸೇರಿಸಿದವರು ಹೆರಾಲ್ಡ್ ವ್ಯಾಂಡರ್‌ಬಿಲ್ಟ್ ಎಂಬ ಅಮೆರಿಕದ ಶ್ರೀಮಂತ. 1925ರಲ್ಲಿ ಪನಾಮಾ ಕಾಲುವೆಯ ಮೂಲಕ ಹೋಗುತ್ತಿದ್ದ ಹಡಗಿನಲ್ಲಿ ಗೆಳೆಯರ ಜೊತೆ ಕುಳಿತು ಅವರು ಇದನ್ನು ಪರೀಕ್ಷಿಸಿದರು. ಅವರನ್ನು ಶಪಿಸುವವರಿದ್ದಾರೆ. ನನಗೆ ಮಾತ್ರ ಆಟದ ರುಚಿಯೆಲ್ಲ ಅದರಲ್ಲೇ ಇದೆ ಅನಿಸುತ್ತದೆ. ಅದೇ ಎಲೆಗಳಿಗೆ ಒಮ್ಮೆ ಮೂರು, ಇನ್ನೊಮ್ಮೆ ನಾಲ್ಕು ಸರಿಯಾದ ಉತ್ತರವಾಗುತ್ತದೆ.

ಆದ್ದರಿಂದ ವಲ್ನರಬಲ್ ಆಗಿ ತಂಡದ ಪಂದ್ಯ ಆಡುತ್ತಿದ್ದರೆ ನೇರವಾಗಿ ನಾಲ್ಕು ಸ್ಪೇಡ್ ಎನ್ನಿ. ಮೂರು ಎಂದು ಕೇಳಿದ್ದರೆ, 7 ಪಾಯಿಂಟ್ ಮತ್ತು 4-3-3-3ರ ಚಪ್ಪಟೆ ಕೈ ಹಿಡಿದ ಉತ್ತರ ಖಂಡಿತ ಪಾಸ್ ಎನ್ನುತ್ತಿದ್ದರು. ಅವರನ್ನು ದೂರುವಂತಿಲ್ಲ. ತುರುಪಿನಿಂದ ಕತ್ತರಿಸಲು ಎಲ್ಲಿಯೂ ಗಿಡ್ಡ ಸೂಟ್ (ಒಂದೆರಡೇ ಎಲೆ ಇರುವ ಜಾತಿ) ಇಲ್ಲದ ಆ ಆಕಾರಕ್ಕೆ ನಾನು ಯಾವಾಗಲೂ ಒಂದು ಪಾಯಿಂಟ್ ಕಳೆಯುತ್ತೇನೆ.

ಈಗ ಆಟ. ಪಶ್ಚಿಮ ಹಾರ್ಟ್ ಎಕ್ಕ ಹಾಕುತ್ತಾರೆ, ಡಮ್ಮಿ, ಅಂದರೆ ನೀವೇ ಆಡಿಸಬೇಕಾದ ಉತ್ತರದ ತೆರೆದ ಕೈ, ಮೇಜಿನ ಮೇಲೆ ಹರಡುತ್ತದೆ. ದಯವಿಟ್ಟು ತಕ್ಷಣ ಡಮ್ಮಿಯಿಂದ ಎಲೆ ಕೇಳಬೇಡಿ, ಎಷ್ಟೇ ಸಣ್ಣ ಎಲೆಯಾದರೂ. ಇಲ್ಲಿ ಅರ್ಧ ನಿಮಿಷ ತೆಗೆದುಕೊಂಡರೆ ಯಾರೂ ಬೈಯುವುದಿಲ್ಲ. ಹನ್ನೊಂದನೆಯ ಟ್ರಿಕ್‌ನಲ್ಲಿ ಐದು ನಿಮಿಷ ತೆಗೆದುಕೊಂಡರೆ ನಾನೇ ಬೈಯುತ್ತೇನೆ.

ಆ ಅರ್ಧ ನಿಮಿಷದಲ್ಲಿ ಎರಡು ಲೆಕ್ಕ. ಮೊದಲನೆಯದು ಸೋಲುವ ಟ್ರಿಕ್‌ಗಳದು: ಹಾರ್ಟ್‌ನಲ್ಲಿ ಎರಡು, ಸ್ಪೇಡ್‌ನಲ್ಲಿ ಇಲ್ಲ. ಡೈಮಂಡ್‌ನಲ್ಲಿ ಮೂರು ದೊಡ್ಡ ಎಲೆಗಳಿವೆ, ನಾಲ್ಕನೆಯದನ್ನು ಡಮ್ಮಿಯಲ್ಲಿ ಕತ್ತರಿಸಬಹುದು. ಕ್ಲಬ್‌ನಲ್ಲಿ ಒಂದು ಅಥವಾ ಎರಡು. ಅಂದರೆ ಇಡೀ ಕಾಂಟ್ರಾಕ್ಟ್ (ಬಿಡ್‌ನಲ್ಲಿ ಒಪ್ಪಿಕೊಂಡ ಹತ್ತು ಟ್ರಿಕ್) ಕ್ಲಬ್ ರಾಜ ಮತ್ತು ಗುಲಾಮನ ಮೇಲೆ ನಿಂತಿದೆ. ಡಮ್ಮಿಯಿಂದ ಕ್ಲಬ್ ಆಡಿ, ಪೂರ್ವ ಸಣ್ಣ ಎಲೆ ಹಾಕಿದಾಗ, ಎಕ್ಕ ಪೂರ್ವದ ಬಳಿ ಇದ್ದರೆ ನೀವು ರಾಜ ಹಾಕಬೇಕು. ರಾಣಿ ಪೂರ್ವದ ಬಳಿ, ಎಕ್ಕ ಪಶ್ಚಿಮದ ಬಳಿ ಇದ್ದರೆ ಗುಲಾಮ ಹಾಕಬೇಕು. ಎರಡನೆಯದು ಎದುರಾಳಿಗಳ ಪಾಯಿಂಟ್‌ಗಳ ಲೆಕ್ಕ: ನಿಮ್ಮ 16, ಡಮ್ಮಿಯ 7, ಉಳಿದದ್ದು 17. ಆ 17 ಯಾವುವು ಎಂಬುದೂ ಗೊತ್ತು. ಹಾರ್ಟ್‌ನ ನಾಲ್ಕೂ ದೊಡ್ಡ ಎಲೆಗಳು ಸೇರಿ 10, ಕ್ಲಬ್ ಎಕ್ಕ ಮತ್ತು ರಾಣಿ 6, ಡೈಮಂಡ್ ಗುಲಾಮ 1.

ಈ ಎರಡನೆಯ ಲೆಕ್ಕವನ್ನು ಬಹಳ ಜನ ಮಾಡುವುದೇ ಇಲ್ಲ. ನನ್ನ ಖಾಯಂ ಜೊತೆಗಾರ್ತಿ, ನಿವೃತ್ತ ದಂತವೈದ್ಯೆ, ಅದನ್ನು ಬೆರಳಿನಿಂದ ಮೇಜಿನ ಅಂಚಿನ ಮೇಲೆ ತಟ್ಟುತ್ತಾ ಮಾಡುತ್ತಾರೆ. ಎದುರಾಳಿಗಳಿಗೆ ಕಿರಿಕಿರಿಯಾಗುತ್ತದೆ, ಆದರೆ ಅವರ ಲೆಕ್ಕ ತಪ್ಪುವುದಿಲ್ಲ.

ಪಶ್ಚಿಮ ಹಾರ್ಟ್ ಎಕ್ಕ, ರಾಜ, ಆಮೇಲೆ ರಾಣಿಯನ್ನೂ ಆಡುತ್ತಾರೆ. ಮೂರನೆಯದನ್ನು ನೀವು ಸ್ಪೇಡ್ 6ರಿಂದ ಕತ್ತರಿಸುತ್ತೀರಿ. ಹೊರಗಿರುವ ನಾಲ್ಕು ಸ್ಪೇಡ್‌ಗಳು 3-1 ಆಗಿ ಒಡೆಯುವ ಸಾಧ್ಯತೆ ಶೇಕಡಾ 50, 2-2 ಆಗಿ 40, ನಾಲ್ಕೂ ಒಂದೇ ಕಡೆ ಇರುವುದು 10. ಇಲ್ಲಿ ಪಶ್ಚಿಮದ ಬಳಿ ಮೂರಿವೆ. ಎಕ್ಕ, ರಾಣಿ, ಗುಲಾಮ ಆಡಿ ಮೂರು ಸುತ್ತಿನಲ್ಲಿ ತುರುಪು ಎಳೆಯಿರಿ. ಡಮ್ಮಿಯ ಸ್ಪೇಡ್ ರಾಜನನ್ನು ಹಾಗೆಯೇ ಇಟ್ಟುಕೊಳ್ಳಿ.

ಈಗ ಹೊಸಬರು ತಕ್ಷಣ ಕ್ಲಬ್‌ಗೆ ಕೈ ಹಾಕುತ್ತಾರೆ. ಬೇಡ. ಊಹಿಸಬೇಕಾದ ಸೂಟನ್ನು ಕೊನೆಯವರೆಗೂ ಮುಟ್ಟಬೇಡಿ. ಮೊದಲು ಡೈಮಂಡ್ ಮೂರು ಸುತ್ತು ಆಡಿ. ಹೊರಗೆ ಆರು ಡೈಮಂಡ್‌ಗಳಿವೆ. ಅವು 4-2 ಆಗಿ ಒಡೆಯುವುದು ಶೇಕಡಾ 48, 3-3 ಆಗುವುದು 36 ಮಾತ್ರ. ಈ ಕೈಯಲ್ಲಿ 3-3 ಆಗಿ, ಮೂರನೆಯ ಸುತ್ತಿನಲ್ಲಿ ಪೂರ್ವ ಗುಲಾಮನನ್ನು ಹಾಕುತ್ತಾರೆ. ನಿಮ್ಮ ನಾಲ್ಕನೆಯ ಡೈಮಂಡ್ ಈಗ ಗೆಲ್ಲುವ ಎಲೆಯೇ. ಆದರೂ ಅದನ್ನು ಡಮ್ಮಿಯ ರಾಜನಿಂದ ಕತ್ತರಿಸಿ. ಗೆಲ್ಲುವ ಎಲೆಯನ್ನು ನಮ್ಮದೇ ತುರುಪಿನಿಂದ ಕೊಲ್ಲುವುದು ಪಾಪದಂತೆ ಕಾಣಬಹುದು, ಆದರೆ ನಿಮಗೆ ಬೇಕಾದದ್ದು ಡಮ್ಮಿಗೆ ದಾರಿ. ಟ್ರಿಕ್ ಹೇಗೂ ನಿಮ್ಮದೇ.

ಡಮ್ಮಿಯಿಂದ ಕ್ಲಬ್ 4. ಪೂರ್ವ ಸಣ್ಣದು. ರಾಜನೋ ಗುಲಾಮನೋ?

ಪಶ್ಚಿಮ ಇಲ್ಲಿಯವರೆಗೆ ತೋರಿಸಿದ್ದು ಹಾರ್ಟ್ ಎಕ್ಕ, ರಾಜ, ರಾಣಿ: 9 ಪಾಯಿಂಟ್. ಕ್ಲಬ್ ಎಕ್ಕವೂ ಅವರದ್ದಾಗಿದ್ದರೆ 13. 13 ಪಾಯಿಂಟ್ ಇದ್ದವರು, ಅದೂ ಮೊದಲ ಸರದಿಯಲ್ಲಿ, ಪಾಸ್ ಎನ್ನುತ್ತಿದ್ದರೇ? ಇಲ್ಲ. ಹಾಗಾದರೆ ಎಕ್ಕ ಪೂರ್ವದ ಕೈಯಲ್ಲಿದೆ. ರಾಜನನ್ನು ಹಾಕಿ. ಅದು ಗೆಲ್ಲುತ್ತದೆ, ನಾಲ್ಕು ಸ್ಪೇಡ್ ಕೈಗೂಡುತ್ತದೆ. ಎಲೆಗಳನ್ನು ತಿರುಗಿಸಿ ನೋಡಿದರೆ ಪಶ್ಚಿಮದ ಬಳಿ ಕ್ಲಬ್ ರಾಣಿ, 9, 3 ಇರುತ್ತವೆ: ಒಟ್ಟು 11 ಪಾಯಿಂಟ್, 3-4-3-3ರ ಕೈ. ಅವರ ಪಾಸ್ ಸರಿಯಾಗಿಯೇ ಇತ್ತು.

ಇದೇ ಕೈಯಲ್ಲಿ ಪಶ್ಚಿಮ ಮೊದಲಿಗೇ ಒಂದು ಹಾರ್ಟ್ ಎಂದು ಶುರು ಮಾಡಿದ್ದರೆ? ಆಗ ಹಾರ್ಟ್‌ನ 9ರ ಮೇಲೆ ಅವರಿಗೆ ಇನ್ನೂ ಕನಿಷ್ಠ 3 ಬೇಕು. ಪೂರ್ವ ಡೈಮಂಡ್ ಗುಲಾಮನನ್ನು ಆಗಲೇ ತೋರಿಸಿದ್ದಾರೆ. ಕ್ಲಬ್ ಎಕ್ಕ ಇಲ್ಲದೆ ಪಶ್ಚಿಮಕ್ಕೆ 12 ತಲುಪಲು ಕ್ಲಬ್ ರಾಣಿ ಮತ್ತು ಹಾರ್ಟ್ ಗುಲಾಮ ಎರಡೂ ಬೇಕಾಗುತ್ತವೆ. ಎಕ್ಕ ಪಶ್ಚಿಮದಲ್ಲಿದೆ ಎಂದು ತಿಳಿದು ಗುಲಾಮನನ್ನು ಹಾಕುವುದೇ ಹೆಚ್ಚು ಸಂಭವದ ದಾರಿ. ಎರಡೂ ಸಲ ನಿಮ್ಮ ಕೈಯ ಎಲೆಗಳು ಅವೇ. ಬದಲಾದದ್ದು ಎದುರಾಳಿಯ ಒಂದು ಮಾತು.

ಶೇಕಡಾವಾರು ಪಟ್ಟಿಗಳನ್ನು ಬಾಯಿಪಾಠ ಮಾಡಿ ಬರುವವರಿಗೆ ಹೇಳುವುದು ಇದನ್ನೇ. ಎರಡೂ ಕೈ ಸೇರಿ ಒಂಬತ್ತು ಎಲೆ ಇದ್ದು ರಾಣಿ ಇಲ್ಲದಿದ್ದರೆ, ಎಕ್ಕ ರಾಜ ಹೊಡೆದು ಅದು ಬೀಳುವುದನ್ನು ಕಾಯಿರಿ. ಎಂಟು ಎಲೆ ಇದ್ದರೆ ಫಿನೆಸ್ ಮಾಡಿ, ಅಂದರೆ ರಾಣಿ ಒಂದು ಕಡೆ ಇದೆ ಎಂದು ನಂಬಿ ಅದಕ್ಕಿಂತ ಸಣ್ಣ ಎಲೆಯಿಂದಲೇ ಟ್ರಿಕ್ ಗೆಲ್ಲಲು ನೋಡಿ. ನಿಯಮ ಒಳ್ಳೆಯದೇ. ಆದರೆ ಒಂಬತ್ತು ಎಲೆ ಇದ್ದಾಗ ಎರಡು ದಾರಿಗಳ ನಡುವಿನ ಅಂತರ ತೀರಾ ತೆಳು. ಎದುರಾಳಿಯೊಬ್ಬರು ಬೇರೆ ಸೂಟ್‌ನಲ್ಲಿ ಏಳು ಎಲೆ ಇದೆ ಎಂದು ಮೂರರ ಮಟ್ಟದಲ್ಲಿ ಬಿಡ್ ಮಾಡಿದ್ದರೆ ಆ ಅಂತರ ತಲೆಕೆಳಗಾಗುತ್ತದೆ. ಅವರ ಬಳಿ ಉಳಿದ ಜಾಗ ಆರೇ ಎಲೆಗಳದ್ದು, ರಾಣಿ ಅವರ ಜೊತೆಗಾರರ ಬಳಿ ಇರುವ ಸಂಭವ ಹೆಚ್ಚು.

ನೋ ಟ್ರಂಪ್ (ತುರುಪಿಲ್ಲದ ಆಟ) ಬಗ್ಗೆ ಚಿಕ್ಕದಾಗಿ. ಎದುರಾಳಿಗಳು ಆಡಿದ ಸೂಟ್‌ನಲ್ಲಿ ನಿಮಗೆ ಎಕ್ಕ ಮಾತ್ರ ಇದ್ದರೆ, ಆ ಸೂಟ್‌ನಲ್ಲಿ ನಿಮ್ಮ ಎರಡೂ ಕೈಗಳ ಎಲೆಗಳನ್ನು ಕೂಡಿಸಿ ಏಳರಿಂದ ಕಳೆಯಿರಿ. ಬಂದಷ್ಟು ಸಲ ಎಕ್ಕವನ್ನು ತಡೆಹಿಡಿಯಿರಿ. ಮೂರು ಮತ್ತು ಎರಡು ಇದ್ದರೆ ಎರಡು ಸಲ. ಇನ್ನೊಂದು ಸೂಟ್ ಇದಕ್ಕಿಂತ ಅಪಾಯಕಾರಿಯಾಗಿದ್ದರೆ ಮಾತ್ರ ಈ ನಿಯಮವನ್ನು ಮುರಿಯಿರಿ.

ಪೈಪೋಟಿಯ ಬಿಡ್‌ಗೆ ಬರೋಣ, ಜಗಳಗಳು ಹುಟ್ಟುವುದು ಇಲ್ಲೇ. ನಿಮ್ಮದು ಎರಡು ಸ್ಪೇಡ್, ಅವರು ಮೂರು ಹಾರ್ಟ್ ಎಂದರು. ಮೂರು ಸ್ಪೇಡ್ ಎನ್ನಬೇಕೆ? ಪಾಯಿಂಟ್ ಎಣಿಸಬೇಡಿ, ತುರುಪು ಎಣಿಸಿ. ಎರಡೂ ಕೈ ಸೇರಿ ಒಂಬತ್ತು ಇದ್ದರೆ ಒಂಬತ್ತು ಟ್ರಿಕ್‌ನ ಮಟ್ಟಕ್ಕೆ, ಅಂದರೆ ಮೂರಕ್ಕೆ, ಸಾಮಾನ್ಯವಾಗಿ ಹೋಗಬಹುದು. ಎಂಟೇ ಇದ್ದರೆ ಬಿಟ್ಟುಬಿಡಿ. ಜೋಡಿಗಳ ಪಂದ್ಯದಲ್ಲಿ ಒಂದು ಸಂಖ್ಯೆಗೆ ಮಾತ್ರ ಹೆದರಿ: 200. ವಲ್ನರಬಲ್ ಆಗಿ ಎರಡು ಟ್ರಿಕ್ ಸೋತರೂ, ಎದುರಾಳಿ ಡಬಲ್ ಹೇಳಿ ಪಣ ಏರಿಸಿದಾಗ ಒಂದು ಸೋತರೂ ಅದೇ ಬರುತ್ತದೆ. ಅವರ ಮೂರು ಹಾರ್ಟ್ ಗೆದ್ದಿದ್ದರೂ 140 ಮಾತ್ರ ಹೋಗುತ್ತಿತ್ತು. ಹಾಗೆಯೇ ಸಿಟ್ಟಿನಿಂದ ಡಬಲ್ ಮಾಡಬೇಡಿ. ಎರಡು ಹಾರ್ಟ್‌ಗೆ ಡಬಲ್ ಹೊಡೆದು ಅವರು ಗೆದ್ದರೆ 110 ಬರಬೇಕಾದವರಿಗೆ 470 ಕೊಟ್ಟಿರುತ್ತೀರಿ, ವಲ್ನರಬಲ್ ಆಗಿದ್ದರೆ 670.

ವಯಸ್ಸಾದವರ ಕಾಲಹರಣ ಎಂದು ಈ ಆಟವನ್ನು ತಳ್ಳಿಹಾಕುವವರಿಗೆ 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟವನ್ನು ನೆನಪಿಸುತ್ತೇನೆ. ಬ್ರಿಜ್ ಅಲ್ಲಿ ಮೊದಲ ಬಾರಿ ಸೇರಿತ್ತು. ಪುರುಷರ ಜೋಡಿಯಲ್ಲಿ ಪ್ರಣಬ್ ಬರ್ಧನ್ ಮತ್ತು ಶಿಬ್ನಾಥ್ ಸರ್ಕಾರ್ ಚಿನ್ನ ಗೆದ್ದರು. ಬರ್ಧನ್ ಅವರಿಗೆ ಆಗ 60 ವರ್ಷ.

ಕೊನೆಗೆ, ಹರಡಿದ ಎಲೆಗಳನ್ನು ಕಟ್ಟಿಡುವ ಮೊದಲು ಪಶ್ಚಿಮದ ಕುರ್ಚಿಗೆ ಹೋಗಿ ಕುಳಿತುಕೊಳ್ಳಿ. ನಿಮ್ಮ ಬಳಿ ಹಾರ್ಟ್ ಎಕ್ಕ, ರಾಜ, ರಾಣಿ, 7 ಇವೆ. ನೀವು ಪಾಸ್ ಎಂದದ್ದು ದಕ್ಷಿಣಕ್ಕೆ ಗೊತ್ತು. ಎಕ್ಕ, ರಾಜ ಹೊಡೆದ ಮೇಲೆ ರಾಣಿಯನ್ನು ಏಕೆ ತೋರಿಸಬೇಕು? ಅದನ್ನು ಕೈಯಲ್ಲೇ ಇಟ್ಟುಕೊಂಡು ಒಂದು ಡೈಮಂಡ್ ಆಡಿ. ದಕ್ಷಿಣ ಮುಂದೆ ಡಮ್ಮಿಯ ಹಾರ್ಟ್ ಕತ್ತರಿಸಿ ಪರೀಕ್ಷಿಸಿದರೆ 7 ಹಾಕಿ. ಈಗ ಅವರಿಗೆ ನಿಮ್ಮಲ್ಲಿ ಕಾಣುವುದು 7 ಪಾಯಿಂಟ್ ಮಾತ್ರ. ಕ್ಲಬ್ ಎಕ್ಕ ಸೇರಿಸಿದರೂ 11 ಆಗುತ್ತದೆ, ಪಾಸ್‌ಗೆ ಅದು ಹೊಂದುತ್ತದೆ. ಈಗ ಛಾವಣಿ ನೋಡುವ ಸರದಿ ದಕ್ಷಿಣದ್ದು.