ಕಲಬುರಗಿ ರಸ್ತೆಗೆ ಯಾವ ದೊಡ್ಡ ಬೈಕ್? ಸೂಪರ್‌ಸ್ಪೋರ್ಟ್ ಬಿಟ್ಟು ಸ್ಪೋರ್ಟ್ ಟೂರರ್ ಹಿಡಿದ ಲೆಕ್ಕ

ಕೆಟಿಎಂ ಆರ್‌ಸಿ 390 ಓಡಿಸಿ ಕೈ ಪಳಗಿದವರು ಮೇಲಿನ ಗಾಡಿ ಹುಡುಕುವಾಗ ಕಣ್ಣು ಮೊದಲು ಹೋಗುವುದು ಕವಾಸಾಕಿಯ ಸೂಪರ್‌ಸ್ಪೋರ್ಟ್‌ಗಳ, ಅಂದರೆ ಟ್ರ್ಯಾಕಿಗೆ ಹೊಂದುವಂತೆ ಬಾಗಿ ಕೂರುವ ಗಾಡಿಗಳ ಕಡೆ: ಝಡ್‌ಎಕ್ಸ್-6ಆರ್ ಕಡೆ, ಜೇಬು ಗಟ್ಟಿ ಇದ್ದರೆ ಝಡ್‌ಎಕ್ಸ್-10ಆರ್ ಕಡೆ. ನಾನು ಹಿಡಿದದ್ದು ಅದೇ ಕಂಪನಿಯ ಸ್ಪೋರ್ಟ್ ಟೂರರ್, ಅಂದರೆ ದೂರದ ಓಟಕ್ಕೆ ನೆಟ್ಟಗೆ ಕೂರುವ ಗಾಡಿ, ನಿಂಜಾ 1000 ಎಸ್‌ಎಕ್ಸ್. ಈಗ ಅದರ ಜಾಗಕ್ಕೆ 1100 ಎಸ್‌ಎಕ್ಸ್ ಬಂದಿದೆ, ಆದರೆ ಲೆಕ್ಕ ಬದಲಾಗುವುದಿಲ್ಲ. ಆಯ್ಕೆಗೆ ನಾನು ಇಟ್ಟುಕೊಂಡ ಅಳತೆಗೋಲು ಒಂದೇ: ಗಂಟೆಗೆ 40ರಿಂದ 100 ಕಿಮೀ ನಡುವೆ ಗಾಡಿ ಹೇಗೆ ನಡೆದುಕೊಳ್ಳುತ್ತದೆ? ಕೆಎ-32, 33, 38ರ, ಅಂದರೆ ಕಲಬುರಗಿ, ಯಾದಗಿರಿ, ಬೀದರ್ ರಸ್ತೆಗಳಲ್ಲಿ ಯಾವ ಬೈಕೇ ಆದರೂ ಅದರ ಆಯಸ್ಸು ಸವೆಯುವುದು ಆ ವೇಗದಲ್ಲೇ.

ಕಾಗದದ ಮೇಲಿನ ಅಂಕಿ ಮೊದಲು ನೋಡೋಣ. 6ಆರ್‌ನ 636 ಸಿಸಿ ಎಂಜಿನ್ ರ‍್ಯಾಮ್ ಏರ್ (ಓಡುವ ವೇಗಕ್ಕೆ ಎಂಜಿನ್ನಿಗೆ ನುಗ್ಗುವ ಗಾಳಿ) ಸೇರಿ 129 ಪಿಎಸ್ ಶಕ್ತಿ ಕೊಡುತ್ತದೆ, ಆದರೆ 13,000 ಆರ್‌ಪಿಎಂನಲ್ಲಿ. ಟಾರ್ಕ್ (ಎಳೆಯುವ ಬಲ) 69 ನ್ಯೂಟನ್ ಮೀಟರ್, ಅದೂ ಹತ್ತು ಸಾವಿರದ ಮೇಲೆ. 1000 ಎಸ್‌ಎಕ್ಸ್‌ನ 1,043 ಸಿಸಿ ಎಂಜಿನ್ 142 ಪಿಎಸ್‌ನದು. 111 ನ್ಯೂಟನ್ ಮೀಟರ್ ಟಾರ್ಕ್ 8,000ಕ್ಕೇ ಸಿಗುತ್ತದೆ, ಮೂರೂವರೆ ನಾಲ್ಕು ಸಾವಿರದಲ್ಲೂ ಎಳೆತ ಕೈಗೆ ಗೊತ್ತಾಗುತ್ತದೆ. ಜೇವರ್ಗಿ ರಸ್ತೆಯಲ್ಲಿ ಸಿಮೆಂಟ್ ಬಲ್ಕರ್ (ಟ್ಯಾಂಕರ್ ಲಾರಿ) ಹಿಂದೆ 50ರಲ್ಲಿ ಸಿಕ್ಕಿಕೊಂಡಾಗ ಎಸ್‌ಎಕ್ಸ್‌ನಲ್ಲಿ ನಾಲ್ಕನೇ ಗೇರಿನಲ್ಲೇ ಆಕ್ಸಿಲರೇಟರ್ ತಿರುವಿದರೆ ಸಾಕು. 6ಆರ್‌ನಲ್ಲಿ ಎರಡು ಗೇರ್ ಇಳಿಸಿಕೊಂಡೇ ಹೊರಡಬೇಕು. ಅದು ಮೊದಲ ಗೇರಿನಲ್ಲೇ 100 ದಾಟುವ ಗಾಡಿ, ನಮ್ಮ ಚತುಷ್ಪಥ ಹೆದ್ದಾರಿಯಲ್ಲಿ ದ್ವಿಚಕ್ರಕ್ಕೆ ಮಿತಿ 80. ಉಳಿದ ಐದು ಗೇರ್ ಯಾವ ಊರಿಗೆ?

ತೂಕದಲ್ಲಿ ಮಾತ್ರ 6ಆರ್ ಗೆಲ್ಲುತ್ತದೆ. 198 ಕೆಜಿ ಎಲ್ಲಿ, ಸುಮಾರು 238 ಕೆಜಿ ಎಲ್ಲಿ. ಓಡುವಾಗ ಈ ನಲವತ್ತು ಕೆಜಿ ಗೊತ್ತಾಗುವುದಿಲ್ಲ, ತಳ್ಳುವಾಗ ಗೊತ್ತಾಗುತ್ತದೆ. ಅಂಗಳಕ್ಕೆ ಶಹಾಬಾದ್ ಕಲ್ಲು ಹಾಸಿದ್ದರೆ ಮಳೆಯಲ್ಲಿ ಅದು ಜಾರುತ್ತದೆ. ಇಳಿಜಾರಿನಲ್ಲಿ ಮೂತಿ ಒಳಗೆ ಮಾಡಿ ನಿಲ್ಲಿಸಿದ ಎಸ್‌ಎಕ್ಸನ್ನು ಹಿಂದಕ್ಕೆ ಎಳೆಯುವುದು ಒಬ್ಬರ ಕೈಲಿ ಆಗದು. ಸಂಜೆ ಬಂದಾಗಲೇ ರಿವರ್ಸ್‌ನಲ್ಲಿ ಒಳಗೆ ಬಿಡಿ.

ಕೂರುವ ಭಂಗಿ ಶೋರೂಮಿನ ಐದು ನಿಮಿಷದ ಟೆಸ್ಟ್ ರೈಡಿನಲ್ಲಿ ತಿಳಿಯುವುದಿಲ್ಲ. ನಾನು ಮಾಡಿದ್ದು ಹೀಗೆ: ಗಾಡಿಯನ್ನು ಪ್ಯಾಡಕ್ ಸ್ಟ್ಯಾಂಡಿಗೆ (ಚಕ್ರ ಎತ್ತಿ ಗಾಡಿಯನ್ನು ನೆಟ್ಟಗೆ ನಿಲ್ಲಿಸುವ ಸ್ಟ್ಯಾಂಡ್) ಏರಿಸಿ, ಹೆಲ್ಮೆಟ್ ಜಾಕೆಟ್ ಹಾಕಿಕೊಂಡು, ಕಾಲು ಪೆಗ್ ಮೇಲಿಟ್ಟು ಇಪ್ಪತ್ತು ನಿಮಿಷ ಕೂರುವುದು. ತೊಡೆಯಿಂದ ಟ್ಯಾಂಕ್ ಬಿಗಿಹಿಡಿದರೂ ಅಂಗೈ ಬುಡದಲ್ಲಿ ಜೋಮು ಬಂದರೆ ಆ ಹ್ಯಾಂಡಲ್ ನಿಮ್ಮದಲ್ಲ. ಸೂಪರ್‌ಸ್ಪೋರ್ಟ್‌ನಲ್ಲಿ ಎದೆಯ ಭಾರವನ್ನು ಎತ್ತಿ ಹಿಡಿಯುವುದು ಎದುರುಗಾಳಿ, ಆ ಗಾಳಿಗೆ ಬಲ ಬರುವುದು 120ರ ಆಚೆ. 70-80ರಲ್ಲಿ ಪೂರ್ತಿ ಭಾರ ಮಣಿಕಟ್ಟಿನ ಮೇಲೆ. ಎಸ್‌ಎಕ್ಸ್‌ನಲ್ಲೂ ಇರುವುದು ಕ್ಲಿಪ್-ಆನ್‌ಗಳೇ (ಮುಂದಿನ ಫೋರ್ಕಿನ ಎರಡು ಕೊಳವೆಗೆ ಬೇರೆಬೇರೆಯಾಗಿ ಕಚ್ಚಿಸಿದ ಹ್ಯಾಂಡಲ್), ಆದರೆ ಮೇಲಿನ ಕ್ಲ್ಯಾಂಪ್‌ಗಿಂತ ಎತ್ತರದಲ್ಲಿ.

ಇನ್ನು ಹಂಪ್. ಹುಮನಾಬಾದ್ ಕಡೆ ಹೋಗಲಿ, ಸೇಡಂ ಕಡೆ ಹೋಗಲಿ, ಊರು ಬಂದರೆ ಹಂಪ್ ಬಂತು. ಐಆರ್‌ಸಿ (ಇಂಡಿಯನ್ ರೋಡ್ಸ್ ಕಾಂಗ್ರೆಸ್) ಪ್ರಕಾರ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು. ಅಂಥದ್ದರ ಮೇಲೆ ಬೈಕು ಎರಡೂ ಚಕ್ರ ಸಮೇತ ಹತ್ತಿ ಇಳಿಯುತ್ತದೆ, ಹೊಟ್ಟೆ ತಾಗುವ ಪ್ರಶ್ನೆಯಿಲ್ಲ. ಊರವರು ಹಾಕಿದ್ದು ಎರಡಡಿ ಅಗಲ, ಎತ್ತರ ಮೇಸ್ತ್ರಿಗೆ ತಿಳಿದಷ್ಟು. ಮುಂಚಕ್ರ ಇಳಿದು ಹಿಂಚಕ್ರ ಇನ್ನೂ ಹತ್ತದ ಆ ಕ್ಷಣದಲ್ಲಿ ಹಂಪಿನ ನೆತ್ತಿ ಸರಿಯಾಗಿ ಎಂಜಿನ್ ಕೆಳಗೆ ಬರುತ್ತದೆ. 6ಆರ್‌ನ ಗ್ರೌಂಡ್ ಕ್ಲಿಯರೆನ್ಸ್ 130 ಮಿಮೀ, ಎಸ್‌ಎಕ್ಸ್‌ನದು 135. ಐದು ಮಿಮೀ ನಂಬಿ ಯಾರೂ ಗಾಡಿ ಆಯ್ಕೆ ಮಾಡಬೇಡಿ! ಹಿಂದೆ ಒಬ್ಬರು ಕೂತರೆ ಎರಡೂ ಗಾಡಿ ಮೂವತ್ತು ನಲವತ್ತು ಮಿಮೀ ಕುಸಿಯುತ್ತವೆ, ಆಗ ಉಳಿಯುವುದು ಹತ್ತು ಸೆಂಟಿಮೀಟರ್ ಆಸುಪಾಸು.

ನಿಜವಾದ ವ್ಯತ್ಯಾಸ ಇರುವುದು ಹಿಂದಿನ ಸಸ್ಪೆನ್ಷನ್ನಿನಲ್ಲಿ. ಎಸ್‌ಎಕ್ಸ್‌ನಲ್ಲಿ ಪ್ರೀಲೋಡ್ (ಸ್ಪ್ರಿಂಗನ್ನು ಮೊದಲೇ ಒತ್ತಿ ಬಿಗಿಸುವ ಪ್ರಮಾಣ) ಹೆಚ್ಚಿಸಲು ಪಕ್ಕದಲ್ಲೇ ಕೈಯಲ್ಲಿ ತಿರುವುವ ನಾಬ್ ಇದೆ, ಒಂದು ನಿಮಿಷದ ಕೆಲಸ. ಸೂಪರ್‌ಸ್ಪೋರ್ಟ್‌ನಲ್ಲಿ ಸ್ಪ್ರಿಂಗ್ ಮೇಲಿನ ಲಾಕ್ ರಿಂಗನ್ನು ಸಿ-ಸ್ಪ್ಯಾನರ್ ತೂರಿಸಿ ಬಿಡಿಸಬೇಕು, ಅದನ್ನು ಪ್ರತಿಸಲ ಯಾರೂ ಮಾಡುವುದಿಲ್ಲ. ಪ್ರೀಲೋಡ್ ಸರಿಯಿದೆಯೇ ಎಂದು ನೋಡುವ ಅಳತೆ ಹೀಗೆ: ಹಿಂಚಕ್ರ ನೆಲ ಬಿಡುವಂತೆ ಗಾಡಿ ಎತ್ತಿಸಿ, ಆಕ್ಸಲ್‌ನಿಂದ ಸೀಟಿನ ಕೆಳಗೆ ಅಂಟಿಸಿದ ಟೇಪಿನ ಗುರುತಿನವರೆಗೆ ಅಳೆಯಿರಿ. ಆಮೇಲೆ ನೆಲಕ್ಕಿಳಿಸಿ, ರೈಡಿಂಗ್ ಬಟ್ಟೆಯಲ್ಲೇ ಕೂತು ಇನ್ನೊಬ್ಬರಿಂದ ಮತ್ತೆ ಅಳೆಸಿ. ವ್ಯತ್ಯಾಸ 30-35 ಮಿಮೀ ಇರಲಿ. ಹಿಂದೆ ಜನ ಕೂತಾಗ ನಾಬ್ ತಿರುವಿ ಅದೇ ಅಳತೆಯ ಹತ್ತಿರಕ್ಕೆ ತನ್ನಿ. ನಾಬ್ ಎಷ್ಟು ಕ್ಲಿಕ್ ಎಂದು ಒಮ್ಮೆ ಬರೆದಿಟ್ಟುಕೊಂಡರೆ ಗಾಣಗಾಪುರಕ್ಕೆ ಜೋಡಿಯಾಗಿ ಹೊರಡುವ ದಿನ ಟೇಪ್ ಹುಡುಕಬೇಕಿಲ್ಲ.

ಕಿರಿದಾದ ಹಂಪನ್ನು ಓರೆಯಾಗಿ ದಾಟಿ. 45 ಡಿಗ್ರಿಯಲ್ಲಿ ಹೋದರೆ ಎರಡಡಿಯ ಹಂಪು ಗಾಡಿಯ ದಾರಿಯಲ್ಲಿ ಮೂರಡಿಯ ಹತ್ತಿರ ಬರುತ್ತದೆ, ಏರು ಇಳಿತ ಅಷ್ಟು ನಿಧಾನವಾಗುತ್ತದೆ. ಇದಕ್ಕೆ ಕ್ಲಚ್ ಮೇಲೆ ನಿಧಾನವಾಗಿ ತೆವಳಬೇಕು, ಹ್ಯಾಂಡಲ್ ಚೆನ್ನಾಗಿ ತಿರುಗಬೇಕು. ಸೂಪರ್‌ಸ್ಪೋರ್ಟ್‌ಗೆ ಎರಡೂ ಒಗ್ಗುವುದಿಲ್ಲ: ಹ್ಯಾಂಡಲ್ ತಿರುಗುವುದೇ ಕಡಿಮೆ, ಪೂರ್ತಿ ತಿರುವಿದರೆ ಹೆಬ್ಬೆರಳು ಟ್ಯಾಂಕಿಗೆ ಸಿಗುತ್ತದೆ, ಮೊದಲ ಗೇರ್ ಉದ್ದ, ತೀರಾ ನಿಧಾನಕ್ಕೆ ಒಗ್ಗದು.

ಬಿಸಿಲಿನ ವಿಷಯದಲ್ಲಿ ಎಸ್‌ಎಕ್ಸ್ ಪರ ಸುಳ್ಳು ಹೇಳುವುದಿಲ್ಲ. ಮೇ ತಿಂಗಳಲ್ಲಿ 42-43 ಡಿಗ್ರಿ ಇರುವಾಗ ಕಲಬುರಗಿಯ ಸೂಪರ್ ಮಾರ್ಕೆಟ್ ಟ್ರಾಫಿಕ್ಕಿನಲ್ಲಿ ನಾಲ್ಕು ಸಿಲಿಂಡರಿನ ಯಾವ ಗಾಡಿಯೂ ಒಲೆಯೇ. ಕೂಲೆಂಟ್ 100ರ ಆಸುಪಾಸು ಬಂದ ಕೂಡಲೇ ಫ್ಯಾನ್ ಶುರುವಾಗಿ ಬಿಸಿಗಾಳಿ ಮೊಣಕಾಲಿಗೆ ಬಡಿಯುತ್ತದೆ. ಎರಡರಲ್ಲೂ ಅಲ್ಯೂಮಿನಿಯಂ ಫ್ರೇಮ್ ಇದೆ; ಸೂಪರ್‌ಸ್ಪೋರ್ಟ್‌ನಲ್ಲಿ ತೊಡೆ ಅದಕ್ಕೆ ಒತ್ತಿಕೊಂಡೇ ಇರುತ್ತದೆ, ಎಸ್‌ಎಕ್ಸ್‌ನಲ್ಲಿ ನೆಟ್ಟಗೆ ಕೂರುವುದರಿಂದ ಮೊಣಕಾಲು ಸ್ವಲ್ಪ ಹೊರಗೆ ತೆಗೆಯಬಹುದು. ಓಡಾಟ ಬಹುಪಾಲು ಊರೊಳಗೇ ಅನ್ನುವವರು ಎರಡನ್ನೂ ಬಿಟ್ಟು ಎರಡು ಸಿಲಿಂಡರಿನ ನಿಂಜಾ 650 ಅಥವಾ ವರ್ಸಿಸ್ 650 ನೋಡುವುದು ಜಾಣತನ. 68 ಪಿಎಸ್, 64 ನ್ಯೂಟನ್ ಮೀಟರ್‌ನ ನಿಂಜಾ 650 ನಮ್ಮ ರಸ್ತೆಗೆ ಏನೂ ಕಡಿಮೆಯಲ್ಲ.

ಕೂಲೆಂಟ್ ಕಡಿಮೆಯಾದರೆ ಬೋರ್‌ವೆಲ್ ನೀರು ಹಾಕಬೇಡಿ. ನಮ್ಮ ಬಕೆಟ್ ಅಂಚಿನಲ್ಲಿ ಕಟ್ಟುವ ಬಿಳಿ ಪೊರೆ ರೇಡಿಯೇಟರಿನ ಸಣ್ಣ ಕೊಳವೆಯಲ್ಲೂ ಕಟ್ಟುತ್ತದೆ. ಮಿಶ್ರಣ ಮಾಡಿಟ್ಟ ಕೂಲೆಂಟ್ ಅರ್ಧ ಲೀಟರ್ ಮನೆಯಲ್ಲಿರಲಿ, ಗತಿಯಿಲ್ಲದಾಗ ಡಿಸ್ಟಿಲ್ಡ್ ವಾಟರ್. ಬೇಸಿಗೆಯಲ್ಲಿ ಹೈದರಾಬಾದಿಗೆ ಹೋಗುವುದಾದರೆ ಬೆಳಗಿನ ಐದಕ್ಕೆ ಬಿಟ್ಟು ಜಹೀರಾಬಾದಿನಲ್ಲಿ ನಾಷ್ಟಾ ಮಾಡಿದರೆ ಬಿಸಿಲೇರುವ ಮುಂಚೆ ಊರು ಸಿಗುತ್ತದೆ. ದಾರಿ ಸುಮಾರು 220 ಕಿಮೀ, 19 ಲೀಟರ್ ಟ್ಯಾಂಕಿಗೆ ನಡುವೆ ಪೆಟ್ರೋಲ್ ಬೇಕಿಲ್ಲ. (ಆದರೂ ಬಂಕಿಗೆ ಹೋದರೆ ಹುಡುಗರು ಕೇಳುವುದು ಒಂದೇ ಮಾತು: "ಅಣ್ಣಾ, ಎವರೇಜ್ ಎಷ್ಟ್ ಕೊಡ್ತದ?" ಹದಿನೇಳು ಅಂದರೆ ಅವರ ಮುಖದಲ್ಲಿ ಕನಿಕರ.) ಹೈದರಾಬಾದಿನ ಔಟರ್ ರಿಂಗ್ ರೋಡ್ ಮೇಲೆ ದ್ವಿಚಕ್ರ ಬಿಡುವುದಿಲ್ಲ, ಸರ್ವೀಸ್ ರಸ್ತೆಯೇ ಗತಿ. ಟೈರಿನ ಗಾಳಿ, ಮುಂದೆ 36 ಹಿಂದೆ 42 ಪಿಎಸ್‌ಐ, ನಸುಕಿನಲ್ಲೇ ಪರೀಕ್ಷಿಸಿ. ಮಧ್ಯಾಹ್ನ ಓಡಿದ ಮೇಲೆ ನಾಲ್ಕೈದು ಹೆಚ್ಚು ತೋರಿಸುವುದು ಸಹಜ, ಆಗ ಗಾಳಿ ಬಿಡಬೇಡಿ.

ತೊಗರಿ ರಾಶಿಯ ಕಾಲ, ಅಂದರೆ ಡಿಸೆಂಬರ್ ಜನವರಿ, ಬೇರೆಯದೇ ಪರೀಕ್ಷೆ. ರಸ್ತೆ ಮೇಲೆ ತೊಗರಿ ಕಟ್ಟಿಗೆ ಹರಡಿರುತ್ತಾರೆ, ನಮ್ಮ ಗಾಡಿ ಅವರಿಗೆ ಒಕ್ಕುವ ಯಂತ್ರ. ಒಣ ಕಡ್ಡಿ ಸೈಲೆನ್ಸರ್ ಪೈಪಿಗೂ ಫೇರಿಂಗಿಗೂ (ಗಾಡಿಯ ಹೊರಹೊದಿಕೆ) ನಡುವೆ ಸಿಕ್ಕಿ ಹೊಗೆಯಾಡುತ್ತದೆ. ಹೊಟ್ಟೆಯವರೆಗೆ ಮುಚ್ಚಿದ ಸೂಪರ್‌ಸ್ಪೋರ್ಟ್‌ನಲ್ಲಿ ಒಳಗೆ ಸಿಕ್ಕಿದ್ದು ಕಾಣುವುದೂ ಇಲ್ಲ. ದಾಟಿದ ಮೇಲೆ ಪಕ್ಕಕ್ಕೆ ನಿಲ್ಲಿಸಿ ಬಗ್ಗಿ ನೋಡಿ, ಚೈನಿಗೆ ಸುತ್ತಿದ್ದರೆ ಎಂಜಿನ್ ಬಂದ್ ಮಾಡಿಯೇ ಬಿಡಿಸಿ. ಓಡುವ ಎಂಜಿನ್ನಿನ ಚೈನಿಗೆ ಬೆರಳು ಕೊಡಬೇಡಿ. ನಿಲ್ಲಿಸುವಾಗ ಸೈಡ್ ಸ್ಟ್ಯಾಂಡ್ ಎರೆಮಣ್ಣಿಗೆ ಹೋದರೆ ಹೂತುಕೊಂಡು ಗಾಡಿ ಮಲಗುತ್ತದೆ. ಮೇ ಮಧ್ಯಾಹ್ನ ಡಾಂಬರಿಗೂ ಇದೇ ಗುಣ. ಅಂಗೈಯಗಲದ ಚಪ್ಪಡಿ ಕಲ್ಲಿನ ಚೂರು ಬ್ಯಾಗಿನಲ್ಲಿರಲಿ.

ವಾಡಿ, ಶಹಾಬಾದ್, ಮಳಖೇಡ ಕಡೆಯ ಸಿಮೆಂಟ್ ಧೂಳು ಜಿಗುಟು ಚೈನ್ ಲ್ಯೂಬಿಗೆ ಅಂಟಿದರೆ ಅರೆಯುವ ಪೇಸ್ಟ್ ಆಗುತ್ತದೆ. 500 ಕಿಮೀಗೊಮ್ಮೆ ಸೀಮೆಎಣ್ಣೆ, ಮೆತ್ತನೆಯ ಬ್ರಷ್. ತಂತಿ ಬ್ರಷ್ ಮತ್ತು ಪೆಟ್ರೋಲ್ ಚೈನಿನ ಓ-ರಿಂಗ್ (ರಬ್ಬರ್ ಉಂಗುರ) ತಿನ್ನುತ್ತವೆ. ಒರೆಸಿ ಒಣಗಿಸಿ, 90 ಗ್ರೇಡ್ ಗೇರ್ ಆಯಿಲ್ ತೆಳ್ಳಗೆ ಹಚ್ಚಿ, ಹೆಚ್ಚಾದದ್ದನ್ನು ಮತ್ತೆ ಒರೆಸಿ.

ಟೈರಿನಲ್ಲಿ ಹಣ ಉಳಿಯುತ್ತದೆ. ನೆಟ್ಟಗಿನ ರಸ್ತೆಯಲ್ಲಿ ಸವೆಯುವುದು ನಡುಭಾಗ ಮಾತ್ರ, ಮೆತ್ತನೆಯ ಸ್ಪೋರ್ಟ್ ಟೈರ್ ಐದಾರು ಸಾವಿರ ಕಿಮೀಗೆ ಚಪ್ಪಟೆ. ನಡುವೆ ಗಟ್ಟಿ ರಬ್ಬರ್ ಇರುವ ಸ್ಪೋರ್ಟ್ ಟೂರಿಂಗ್ ಟೈರ್ ಹತ್ತು ಸಾವಿರ ದಾಟುತ್ತದೆ. 190 ಮಿಮೀ ಅಗಲದ ಟೈರನ್ನು ಸಿಕ್ಕ ಮಷಿನ್ನಿಗೆ ಹಾಕಿಸಿ ರಿಮ್ ಕೆಡಿಸಿಕೊಳ್ಳುವ ಬದಲು, ಪ್ಯಾಡಕ್ ಸ್ಟ್ಯಾಂಡಿಗೆ ಏರಿಸಿ ಚಕ್ರ ಬಿಚ್ಚಿ ಕಾರಿನ ಡಿಕ್ಕಿಯಲ್ಲಿ ಹೈದರಾಬಾದಿಗೆ ಒಯ್ಯಿರಿ. ಮರಳಿ ಕೂರಿಸುವಾಗ ಟಾರ್ಕ್ ರೆಂಚ್ ಕಡ್ಡಾಯ. ಜಾಲಿಮುಳ್ಳಿಗೆ ಪಂಕ್ಚರ್ ಪ್ಲಗ್ ಕಿಟ್, ಬ್ಯಾಟರಿಗೆ ಸಿಕ್ಕಿಸುವ ಸಣ್ಣ ಪಂಪ್ ಇರಲಿ.

ಸೂಪರ್‌ಸ್ಪೋರ್ಟ್ ಯಾರಿಗೆ? ವರ್ಷಕ್ಕೆ ಒಂದೆರಡು ಸಲವಾದರೂ ಗಾಡಿಯನ್ನು ಚೆನ್ನೈ ಅಥವಾ ಕೊಯಮತ್ತೂರಿನ ಟ್ರ್ಯಾಕಿಗೆ ಒಯ್ಯುವವರಿಗೆ, ಮನೆಯಲ್ಲಿ ದಿನಬಳಕೆಗೆ ಇನ್ನೊಂದು ಗಾಡಿ ಇರುವವರಿಗೆ. ಅವರು 1000 ಎಸ್‌ಎಕ್ಸ್ ತೆಗೆದುಕೊಂಡರೆ ಮೊದಲ ತಿರುವಿನಲ್ಲೇ ಬೇಸರವಾಗುತ್ತದೆ.

ಹಣದ ಮಾತು: 2025ರ ಸೆಪ್ಟೆಂಬರ್ 22ರಿಂದ 350 ಸಿಸಿ ಮೇಲಿನ ಬೈಕಿಗೆ ಜಿಎಸ್‌ಟಿ 40 ಶೇಕಡಾ, ಮೊದಲು ಸೆಸ್ ಸೇರಿ 31 ಇತ್ತು. ಅದು ಎಕ್ಸ್-ಶೋರೂಮ್ ಬೆಲೆಯೊಳಗೇ ಬರುತ್ತದೆ. ಅದರ ಮೇಲೆ ಕರ್ನಾಟಕದ ಆಜೀವ ತೆರಿಗೆ 18 ಶೇಕಡಾ, ಮತ್ತೆ ಸೆಸ್. 12 ಲಕ್ಷದ ಗಾಡಿಗೆ ತೆರಿಗೆಯೇ 2.16 ಲಕ್ಷ. ಹೀಗಾಗಿ ಹಲವರು ಹೈದರಾಬಾದಿನ ಸೆಕೆಂಡ್ ಹ್ಯಾಂಡ್ ಗಾಡಿಗೆ ಮನಸ್ಸು ಮಾಡುತ್ತಾರೆ. ಅದಕ್ಕೆ ಅಲ್ಲಿನ ಆರ್‌ಟಿಒದಿಂದ ಫಾರಂ 28ರ ಎನ್‌ಒಸಿ, ಸಾಲವಿದ್ದರೆ ಫಾರಂ 35, ಹೆಸರು ಬದಲಿಗೆ 29 ಮತ್ತು 30, ಇಲ್ಲಿ ಹೊಸ ನಂಬರಿಗೆ ಫಾರಂ 27 ಬೇಕು. ಗಾಡಿಯ ವಯಸ್ಸಿನ ಪ್ರಕಾರ ಇಲ್ಲಿ ಮತ್ತೆ ತೆರಿಗೆ ಕಟ್ಟಬೇಕು. ಅಲ್ಲಿ ಕಟ್ಟಿದ್ದ ತೆರಿಗೆಯಲ್ಲಿ ವಾಪಸ್ ಬರುವ ಹಣವನ್ನು ಬಜೆಟ್ಟಿಗೆ ಹಿಡಿಯಬೇಡಿ, ಬಂದಾಗ ಬರಲಿ.

ನೋಡಲು ಹೋಗುವ ಮುನ್ನ ಫೋನಿನಲ್ಲೇ "ಗಾಡಿ ಸ್ಟಾರ್ಟ್ ಮಾಡಿಟ್ಟಿರಬೇಡಿ" ಎಂದು ಹೇಳಿ. ಹೋದ ಕೂಡಲೇ ಎಂಜಿನ್ ಕವರ್ ಮುಟ್ಟಿ ನೋಡಿ, ಬೆಚ್ಚಗಿದ್ದರೆ ಆರುವವರೆಗೆ ಕಾಯಿರಿ. ಆಮೇಲೆ ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುವಿ, ಫ್ರೇಮಿನ ಕುತ್ತಿಗೆಯಲ್ಲಿರುವ ಸ್ಟಾಪರ್ ಗುಬುಟು ಟಾರ್ಚ್ ಹಾಕಿ ನೋಡಿ. ಅದು ಜಜ್ಜಿದ್ದರೆ ಅಥವಾ ಹೊಸ ಪೇಂಟ್ ಕಂಡರೆ ಗಾಡಿ ಜೋರಾಗಿ ಬಿದ್ದದ್ದು. ಫೇರಿಂಗ್ ಎಷ್ಟೇ ಹೊಳೆಯಲಿ, ಬೆಲೆ ಮಾತಾಡದೆ ಎದ್ದು ಬನ್ನಿ.