ಆರು ಚೌಕ, ಹನ್ನೆರಡು ಗಂಟು: ಗೆಳೆಯರ ಜೊತೆ ಕೂತು ಕಟ್ಟುವ ಗೂಡುದೀಪ

ದೀಪಾವಳಿ ಹತ್ತಿರ ಬರುತ್ತಿದ್ದಂತೆ ಕರಾವಳಿಯ ಅಂಗಡಿಗಳ ಮುಂದೆ ಗೂಡುದೀಪಗಳು ತೂಗಾಡತೊಡಗುತ್ತವೆ. ಈಗೀಗ ಪ್ಲಾಸ್ಟಿಕ್ಕಿನವೇ ಜಾಸ್ತಿ. ತಂದು, ಬಿಡಿಸಿ, ನೇತುಹಾಕಿದರೆ ಮುಗಿಯಿತು. ಇಲ್ಲಿ ಹೇಳಹೊರಟಿರುವುದು ಬಿದಿರ ಕಡ್ಡಿ, ಬಣ್ಣದ ಕಾಗದ, ಮೈದಾ ಅಂಟು ಇಷ್ಟರಲ್ಲೇ ಆಗುವ ಹಳೆಯ ಗೂಡುದೀಪದ ಬಗ್ಗೆ. ಉತ್ತರ ಕರ್ನಾಟಕದವರು ಇದನ್ನು ಆಕಾಶಬುಟ್ಟಿ ಅನ್ನುತ್ತಾರೆ. ಒಬ್ಬರೇ ಕೂತು ಮಾಡಿದರೂ ಆಗುತ್ತದೆ. ಆದರೆ ನಾಲ್ಕಾರು ಜನ ಸೇರಿದರೆ ಅದರ ರುಚಿಯೇ ಬೇರೆ. ಈ ಗೂಡಿನ ಲೆಕ್ಕವೂ ಹಾಗೆಯೇ ಇದೆ: ಆರು ಚೌಕ ಮಾಡಿ, ಮೂಲೆಗೆ ಮೂಲೆ ಸೇರಿಸಿ ಕಟ್ಟಿದರೆ ಗೂಡು ಸಿದ್ಧ. ಆರು ಜನ ಇದ್ದರೆ ಒಬ್ಬೊಬ್ಬರಿಗೆ ಒಂದೊಂದು ಚೌಕ.

ಎರಡು ಸಂಜೆ ಇಟ್ಟುಕೊಳ್ಳಿ. ಮೊದಲ ಸಂಜೆ ಗೂಡು ಕಟ್ಟುವುದಕ್ಕೆ, ಮರುದಿನ ಸಂಜೆ ಕಾಗದ ಹಚ್ಚುವುದಕ್ಕೆ. ಒಂದೇ ದಿನಕ್ಕೆ ಮುಗಿಸುತ್ತೇವೆ ಅಂತ ಹೊರಟರೆ ಕೊನೆಗೆ ಎಲ್ಲರಿಗೂ ಅವಸರ, ಮಾತೇ ಇರುವುದಿಲ್ಲ.

ಏನೇನು ಬೇಕು

ಒಂದೂವರೆ ಮೀಟರ್ ಉದ್ದದ ಬಿದಿರಿನ ಒಂದು ತುಂಡು ಸಾಕು. ಹಸಿ ಬಿದಿರಾದರೆ ಸೀಳಲು ಸುಲಭ. ಬಿದಿರು ಸಿಗದಿದ್ದರೆ ಅಡಿಕೆ ಮರದ ಸಲಾಕೆಯಿಂದಲೂ ಕಡ್ಡಿ ಸೀಳಬಹುದು. ಕಟ್ಟಲು ಹತ್ತಿಯ ದಾರ ತನ್ನಿ. ನೈಲಾನ್ ದಾರದ ಗಂಟು ಜಾರುತ್ತದೆ. ಗಾಳಿಪಟದ ಕಾಗದ ಏಳೆಂಟು ಹಾಳೆ ಬೇಕು, ಅದರಲ್ಲಿ ಒಂದೆರಡು ಬಿಳಿ ಇರಲಿ. ಮೈದಾ, ಕತ್ತರಿ, ಸ್ಕೇಲು, ಪೆನ್ಸಿಲ್, ಅಂಟು ಬಳಿಯಲು ಒಂದು ಬ್ರಷ್ಷು, ಹಳೆಯ ಕ್ಯಾಲೆಂಡರಿನ ರಟ್ಟು ಇವೆಲ್ಲ ಮನೆಯಲ್ಲೇ ಸಿಗುತ್ತವೆ. ದೀಪಕ್ಕೆ ಹೋಲ್ಡರ್, ವಯರು, 3 ಅಥವಾ 5 ವ್ಯಾಟಿನ ಎಲ್‌ಇಡಿ ಬಲ್ಬು.

ಜಿಲೇಟಿನ್ ಕಾಗದ ಹಚ್ಚಬಹುದಾ ಅಂತ ಹಲವರು ಕೇಳುತ್ತಾರೆ. ಹಚ್ಚಬಹುದು. ಆದರೆ ಅದರಲ್ಲಿ ಒಳಗಿನ ಬಲ್ಬು ನೇರವಾಗಿ ಕಣ್ಣಿಗೆ ಹೊಡೆಯುತ್ತದೆ. ಗಾಳಿಪಟದ ಕಾಗದ ಬೆಳಕನ್ನು ತನ್ನ ಮೈಯೆಲ್ಲ ಹರಡಿಕೊಳ್ಳುತ್ತದೆ, ಇಡೀ ಗೂಡೇ ಬೆಳಗುತ್ತದೆ. ನನ್ನ ಆಯ್ಕೆ ಯಾವಾಗಲೂ ಅದೇ.

ಕಡ್ಡಿ ಸೀಳುವುದು

ಈ ಕೆಲಸ ಕತ್ತಿ ಹಿಡಿದು ಅಭ್ಯಾಸ ಇರುವ ಹಿರಿಯರದ್ದು. ಕಡ್ಡಿ ಅರ್ಧ ಬೆರಳಿನಷ್ಟು ಅಗಲ, 3–4 ಮಿಲಿಮೀಟರ್ ದಪ್ಪ ಇರಲಿ. ಹೀಗೆ ಸೀಳಿದ್ದರಿಂದ 32 ಸೆಂಟಿಮೀಟರ್ ಉದ್ದದ 24 ಕಡ್ಡಿ, 45 ಸೆಂಟಿಮೀಟರ್ ಉದ್ದದ 2 ಕಡ್ಡಿ ಕತ್ತರಿಸಿಕೊಳ್ಳಿ. ಬಿದಿರಿನ ಗಂಟು ಇರುವ ಜಾಗ ಕಡ್ಡಿಯ ನಡುವೆ ಬಂದರೆ ತೊಂದರೆ ಇಲ್ಲ, ತುದಿಗೆ ಬಂದರೆ ದಾರ ಸರಿಯಾಗಿ ಕೂರುವುದಿಲ್ಲ. ಸೀಳಿದ ಕಡ್ಡಿಯ ಅಂಚಿನಲ್ಲಿ ಸಿಬಿರು ಇರುತ್ತದೆ. ಮಕ್ಕಳ ಕೈಗೆ ಕೊಡುವ ಮೊದಲು ಪ್ರತಿಯೊಂದನ್ನೂ ಚೂರಿಯಿಂದ ಹೆರೆದು, ಮರಳು ಕಾಗದದಿಂದ ಉಜ್ಜಿ. ಉಜ್ಜುವುದನ್ನು ಮಾತಾಡಿಕೊಂಡೇ ಮಾಡಬಹುದು. ಅಷ್ಟೊತ್ತಿಗೆ ಒಂದು ಸುತ್ತು ಚಹಾ ಆಗುತ್ತದೆ.

ಪುಟ್ಟ ಮಕ್ಕಳು ತಮಗೂ ಒಂದು ಬೇಕು ಅಂತ ಹಟ ಹಿಡಿದರೆ ಹಿಡಿಸೂಡಿಯಿಂದ (ತೆಂಗಿನ ಕಡ್ಡಿಯ ಪೊರಕೆ) ಗಟ್ಟಿ ಕಡ್ಡಿಗಳನ್ನು ಆರಿಸಿ ಕೊಡಿ. ಅಂಗೈ ಅಗಲದ ಚೌಕ ಮಾಡಿ, ಇದೇ ರೀತಿ ಕಟ್ಟಿಕೊಳ್ಳಲಿ.

ಚೌಕ ಮಾಡುವುದು

ನಾಲ್ಕು ಕಡ್ಡಿಗಳನ್ನು ನೆಲದ ಮೇಲೆ ಚೌಕವಾಗಿ ಜೋಡಿಸಿ. ತುದಿಗಳು ಒಂದರ ಮೇಲೊಂದು ಬಂದು, ಎರಡೂ ಕಡೆ 1 ಸೆಂಟಿಮೀಟರ್ ಹೊರಗೆ ಚಾಚಿರಲಿ. ಆಗ ಕಟ್ಟಿದ ಜಾಗದಿಂದ ಕಟ್ಟಿದ ಜಾಗಕ್ಕೆ ಸರಿಯಾಗಿ 30 ಸೆಂಟಿಮೀಟರ್ ಬರುತ್ತದೆ. ದಾರವನ್ನು ಮೂಲೆಯ ಮೇಲೆ ಅಡ್ಡಡ್ಡ ಸುತ್ತಿ, ಆಮೇಲೆ ಎರಡು ಕಡ್ಡಿಗಳ ನಡುವಿನಿಂದ ತೂರಿಸಿ ಬಿಗಿಯಾಗಿ ಎಳೆದು ಗಂಟು ಹಾಕಿ. ಈ ಕೊನೆಯ ಸುತ್ತನ್ನು ಮರೆತರೆ ಮೂಲೆ ಸಡಿಲವಾಗುತ್ತದೆ.

ಚೌಕ ಸೊಟ್ಟ ಆಗಿದೆಯೋ ಇಲ್ಲವೋ ಅಂತ ಕಣ್ಣಳತೆಯಲ್ಲಿ ನೋಡಬೇಡಿ. ಎದುರು ಬದುರು ಮೂಲೆಗಳ ನಡುವೆ ಅಳೆಯಿರಿ. ಎರಡೂ ಕಡೆ ಸುಮಾರು 42 ಸೆಂಟಿಮೀಟರ್ ಚಿಲ್ಲರೆ ಬಂದರೆ ಚೌಕ ಸರಿ ಇದೆ. ಒಂದು ಕಡೆ ಜಾಸ್ತಿ, ಇನ್ನೊಂದು ಕಡೆ ಕಡಿಮೆ ಬಂದರೆ ಉದ್ದ ಇರುವ ಮೂಲೆಗಳನ್ನು ಮೆಲ್ಲಗೆ ಒಳಕ್ಕೆ ಒತ್ತಿ. ಸರಿಯಾದ ಮೇಲೆ ನಾಲ್ಕು ಚೌಕಗಳಿಗೆ ಮೂಲೆಯಿಂದ ಮೂಲೆಗೆ ಎರಡು ದಾರಗಳನ್ನು ಅಡ್ಡಡ್ಡವಾಗಿ ಬಿಗಿದು ಕಟ್ಟಿ. ಉಳಿದ ಎರಡು ಚೌಕಗಳಿಗೆ ದಾರದ ಬದಲು 45 ಸೆಂಟಿಮೀಟರಿನ ಒಂದೊಂದು ಕಡ್ಡಿಯನ್ನು ಕರ್ಣವಾಗಿ ಕಟ್ಟಿ. ಇವೆರಡು ಗೂಡಿನ ತಲೆ ಮತ್ತು ಬುಡ.

ಈ ದಾರ, ಈ ಅಡ್ಡಕಡ್ಡಿ ಯಾಕೆ ಅಂತ ಹೇಳಿಬಿಡುತ್ತೇನೆ. ಮೂರು ಕಡ್ಡಿಗಳನ್ನು ತ್ರಿಕೋನವಾಗಿ ಕಟ್ಟಿದರೆ ಮೂಲೆ ಎಷ್ಟೇ ಸಡಿಲ ಇದ್ದರೂ ಆಕಾರ ಬದಲಾಗುವುದಿಲ್ಲ. ನಾಲ್ಕು ಕಡ್ಡಿಯ ಚೌಕ ಹಾಗಲ್ಲ, ಒತ್ತಿದರೆ ವಾಲಿ ಸೊಟ್ಟಗಾಗುತ್ತದೆ. ನಮ್ಮ ಗೂಡಿನಲ್ಲಿ ಎಂಟು ತ್ರಿಕೋನ, ಆರು ಚೌಕ ಬರುತ್ತವೆ. ಚೌಕಗಳನ್ನು ಬಿಗಿಮಾಡದೆ ಎತ್ತಿದರೆ ಗೂಡು ಕೈಯಲ್ಲೇ ಕುಸಿದು ಮಡಚಿಕೊಳ್ಳುತ್ತದೆ. ಹೈಸ್ಕೂಲಿನ ಮಕ್ಕಳು ಜೊತೆಗಿದ್ದರೆ ದಾರ ಕಟ್ಟುವ ಮೊದಲೊಮ್ಮೆ, ಕಟ್ಟಿದ ಮೇಲೊಮ್ಮೆ ಚೌಕವನ್ನು ಒತ್ತಿ ನೋಡಲು ಹೇಳಿ. ರೇಖಾಗಣಿತದ ಪುಸ್ತಕದಲ್ಲಿ ಓದಿದ್ದು ಅಂಗೈಗೆ ತಾಗುತ್ತದೆ.

ಎಲ್ಲರ ಕೈ ಬೇಕಾಗುವ ಹೊತ್ತು

ಇಡೀ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಹಂತ ಇದು. ಬುಡದ ಚೌಕವನ್ನು ನೆಲದ ಮೇಲೆ ಇಡಿ. ಅದರ ನಾಲ್ಕು ಮೂಲೆಗಳಲ್ಲಿ ನಾಲ್ಕು ಜನ ಕೂರಲಿ. ಒಬ್ಬೊಬ್ಬರೂ ತಮ್ಮ ಚೌಕವನ್ನು ಮೂಲೆಯ ಮೇಲೆ ನಿಲ್ಲಿಸಿ, ಅಂದರೆ ಇಸ್ಪೀಟಿನ ಡೈಮಂಡ್ ಗುರುತಿನ ಹಾಗೆ ಹಿಡಿದು, ಅದರ ಕೆಳತುದಿಯನ್ನು ಬುಡದ ಮೂಲೆಗೆ ತಾಗಿಸಲಿ. ಐದನೆಯವರು ಸುತ್ತು ಬಂದು ಆ ನಾಲ್ಕು ಮೂಲೆಗಳನ್ನು ಕಟ್ಟಬೇಕು. ಆಮೇಲೆ ಅಕ್ಕಪಕ್ಕದ ಚೌಕಗಳ ಬದಿಯ ಮೂಲೆಗಳು ಒಂದಕ್ಕೊಂದು ಕೂಡುವಂತೆ ನಾಲ್ವರೂ ಹತ್ತಿರ ಸರಿಯಬೇಕು. ಅಲ್ಲಿ ನಾಲ್ಕು ಗಂಟು. ಅಷ್ಟರಲ್ಲಿ ಆರನೆಯವರು ತಲೆಯ ಚೌಕವನ್ನು ತಂದು ಮೇಲಿಡುತ್ತಾರೆ. ನಾಲ್ಕು ತುದಿಗಳಿಗೆ ಅದರ ನಾಲ್ಕು ಮೂಲೆ ಕಟ್ಟಿದರೆ ಒಟ್ಟು ಹನ್ನೆರಡು ಗಂಟು, ಗೂಡು ಎದ್ದು ನಿಲ್ಲುತ್ತದೆ.

ಒಬ್ಬರು ಕೈ ಬಿಟ್ಟರೆ ಉಳಿದ ಮೂವರಿಗೂ ಗೊತ್ತಾಗುತ್ತದೆ. "ಸ್ವಲ್ಪ ಆಚೆ ವಾಲಿಸು", "ಮಾರಾಯ, ಅಲ್ಲಾಡಬೇಡ", "ಅಣ್ಣ, ನಿಮ್ಮದು ಮೇಲೆ ಹೋಯ್ತು" ಅಂತ ಮಾತು ಓಡಾಡುತ್ತಿರುತ್ತದೆ. ತಿಂಗಳುಗಟ್ಟಲೆ ಬರೀ ಫೋನಿನಲ್ಲಿ ವಿಚಾರಿಸಿಕೊಂಡವರು ಕೂಡ ಒಂದೇ ಚೌಕಟ್ಟನ್ನು ಹಿಡಿದು ಹತ್ತು ನಿಮಿಷ ಕೂತರೆ ಬೇರೆಯೇ ತರ ಮಾತಾಡುತ್ತಾರೆ. ಕಣ್ಣು ಕೈಯ ಮೇಲೆ ಇರುತ್ತದೆ, ಬಾಯಿ ಬಿಡುವಾಗಿರುತ್ತದೆ. ಎದುರೆದುರು ಕೂತು ಹೇಳಲಾಗದ್ದನ್ನು ಕೂಡ ಆ ಹೊತ್ತಿನಲ್ಲಿ ಸುಮ್ನೆ ಹೇಳಿಬಿಡಬಹುದು. ಇದನ್ನು ಎಷ್ಟೋ ಸಲ ನೋಡಿದ್ದೇನೆ.

ಮೂರೇ ಜನ ಇದ್ದೀರಾ? ಎರಡು ಚೌಕಗಳನ್ನು ಕುರ್ಚಿಯ ಕಾಲಿಗೆ ಒರಗಿಸಿ ನಿಲ್ಲಿಸಿಕೊಳ್ಳಿ. ನಡೆಯುತ್ತದೆ.

ಗೂಡು ಈಗ 42 ಸೆಂಟಿಮೀಟರ್ ಚಿಲ್ಲರೆ ಎತ್ತರ, ಹೆಚ್ಚುಕಡಿಮೆ ಅಷ್ಟೇ ಅಗಲ ಇರುತ್ತದೆ. ಪ್ರತಿ ಗಂಟಿನ ಮೇಲೂ ಸ್ವಲ್ಪ ಮೈದಾ ಅಂಟು (ಮಾಡುವ ಬಗೆ ಕೆಳಗಿದೆ) ಹಚ್ಚಿ ರಾತ್ರಿಯಿಡೀ ಒಣಗಲು ಬಿಡಿ.

ಅಂಟು ಮತ್ತು ಕಾಗದ

ಮೂರು ದೊಡ್ಡ ಚಮಚ ಮೈದಾವನ್ನು ಒಂದು ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿ. ಬಿಳಿ ಬಣ್ಣ ಹೋಗಿ ಸ್ವಲ್ಪ ಪಾರದರ್ಶಕವಾದಾಗ ಇಳಿಸಿ. ತಣಿದ ಮೇಲೆ ಬಳಸಿ. ಜಿರಳೆ ಬರದಿರಲಿ ಅಂತ ಹಿಂದೆ ಇದಕ್ಕೆ ಮೈಲುತುತ್ತ ಹಾಕುವುದಿತ್ತು. ಅದು ವಿಷ. ಮಕ್ಕಳು ಕೂತಿರುವ ಕಡೆ ಬೇಡವೇ ಬೇಡ. ಸ್ವಲ್ಪವೇ ಅಂಟು ಸಾಕಾಗುವಲ್ಲಿ ಅನ್ನದ ಅಗುಳು ಉಜ್ಜಿದರೂ ಕಾಗದ ಹಿಡಿಯುತ್ತದೆ.

ತಲೆ ಮತ್ತು ಬುಡದ ಚೌಕಗಳಿಗೆ ಕಾಗದ ಬೇಡ. ಬಿಸಿ ಮೇಲಿಂದ ಹೋಗಬೇಕು, ಬಲ್ಬು ಬದಲಿಸಲು ಕೆಳಗಿಂದ ಕೈ ಹೋಗಬೇಕು. ಉಳಿಯುವುದು ನಾಲ್ಕು ಚೌಕ, ಎಂಟು ತ್ರಿಕೋನ. ರಟ್ಟಿನಲ್ಲಿ ಎರಡು ಅಚ್ಚು ಮಾಡಿಕೊಳ್ಳಿ: 33 ಸೆಂಟಿಮೀಟರಿನ ಚೌಕ ಒಂದು, ಮೂರೂ ಬದಿ 35 ಸೆಂಟಿಮೀಟರ್ ಇರುವ ತ್ರಿಕೋನ ಒಂದು. ಸುತ್ತಲೂ ಒಂದೂವರೆ ಸೆಂಟಿಮೀಟರ್ ಕಡ್ಡಿಗೆ ಮಡಚಿ ಅಂಟಿಸಲು. ಹಾಳೆ 50x75 ಸೆಂಟಿಮೀಟರ್ ಇದ್ದರೆ ಒಂದರಲ್ಲಿ ಎರಡು ಚೌಕ ಬರುತ್ತವೆ. ತ್ರಿಕೋನಗಳನ್ನು ಒಂದು ನೆಟ್ಟಗೆ, ಪಕ್ಕದ್ದು ತಲೆಕೆಳಗಾಗಿ ಇಟ್ಟು ಗುರುತು ಹಾಕಿದರೆ ಒಂದು ಹಾಳೆಯಲ್ಲಿ ಮೂರು ಸಿಗುತ್ತವೆ. ಮೂರು ಹಾಳೆಗೆ ಒಂಬತ್ತು, ಹರಿದರೆ ಒಂದು ಹೆಚ್ಚಿಗೆ ಇರುತ್ತದೆ. ಉಳಿದ ಉದ್ದ ಪಟ್ಟಿಗಳನ್ನು ಎಸೆಯಬೇಡಿ, ಬಾಲಂಗೋಚಿಗೆ ಬೇಕು.

ಹಚ್ಚುವ ಮೊದಲು ಚಿತ್ತಾರ. ಬಿಳಿ ಕಾಗದವನ್ನು 20 ಸೆಂಟಿಮೀಟರಿನ ಚೌಕವಾಗಿ ಕತ್ತರಿಸಿ, ಮೂಲೆಗೆ ಮೂಲೆ ಸೇರಿಸಿ ಮೂರು ಸಲ ಮಡಚಿ. ಎಂಟು ಪದರದ ಪುಟ್ಟ ತ್ರಿಕೋನ ಆಗುತ್ತದೆ. ಮಡಿಕೆಯ ಅಂಚಿನಲ್ಲಿ ಎಲೆ, ಚುಕ್ಕಿ, ಮಾವಿನಕಾಯಿ, ಏನು ಬೇಕಾದರೂ ಕತ್ತರಿಸಿ. ಮಡಿಕೆಯನ್ನು ಪೂರ್ತಿ ಕತ್ತರಿಸಿ ಹಾಕಬೇಡಿ, ಅಲ್ಲಲ್ಲಿ ಸ್ವಲ್ಪ ಉಳಿಸಿ. ಬಿಡಿಸುವ ಗಳಿಗೆಗೆ ಎಲ್ಲರೂ ಕತ್ತುಚಾಚಿ ಕಾಯುತ್ತಾರೆ, ಅಲ್ವಾ! ಏನು ಬರುತ್ತದೆ ಅಂತ ಕತ್ತರಿಸಿದವರಿಗೂ ಪೂರ್ತಿ ಗೊತ್ತಿರುವುದಿಲ್ಲ. ಒಬ್ಬರದ್ದು ರಂಗೋಲಿಯಾಗಿ ಬಿಚ್ಚಿಕೊಳ್ಳುತ್ತದೆ, ಇನ್ನೊಬ್ಬರದ್ದು ಹೂವಾಗಿ. ನನಗೆ ಬರುವುದಿಲ್ಲ ಅಂತ ದೂರ ಕೂತವರ ಕೈಗೆ ಮೊದಲು ಕತ್ತರಿ ಕೊಡಿ. ಈ ಎಂಟು ಪದರದ ಮಡಿಕೆ ಯಾರ ಕೈಯಲ್ಲಾದರೂ ಚೆಂದದ್ದೇನನ್ನೋ ಮಾಡಿಸುತ್ತದೆ.

ಈ ಚಿತ್ತಾರವನ್ನು ಬಣ್ಣದ ಚೌಕದ ಹೊರಮೈಗೆ ಅಂಟಿಸುವವರೇ ಜಾಸ್ತಿ. ಒಮ್ಮೆ ಒಳಮೈಗೆ ಅಂಟಿಸಿ ನೋಡಿ. ಹಗಲು ಗೂಡು ಸಾದಾ ಇರುತ್ತದೆ, ಸಂಜೆ ಬಲ್ಬು ಹೊತ್ತಿಸಿದ ಕೂಡಲೇ ಚಿತ್ತಾರ ಮೂಡುತ್ತದೆ. ಹೊರಮೈಗೆ ಮಿನುಗು ಬೇಕಾದರೆ ಅಂಚಿಗೆ ಬೇಗಡೆ ಕಾಗದದ ಸಣ್ಣ ಪಟ್ಟಿ ಸಾಕು.

ಕಾಗದ ಹಚ್ಚುವಾಗ ಅಂಟನ್ನು ಕಡ್ಡಿಗೆ ಬಳಿಯಿರಿ, ಕಾಗದಕ್ಕೆ ಬೇಡ. ಕಾಗದಕ್ಕೆ ಬಳಿದರೆ ನೆನೆದು ಸುಕ್ಕಾಗುತ್ತದೆ. ಗಾಳಿಪಟದ ಕಾಗದದ ಬಣ್ಣ ನೀರು ತಾಗಿದರೆ ಬಿಡುತ್ತದೆ, ಅದಕ್ಕೆ ಕೈ ಒರೆಸಲು ಒಂದು ಒಣಬಟ್ಟೆ ಪಕ್ಕದಲ್ಲಿರಲಿ. ಮೊದಲು ನಾಲ್ಕು ಚೌಕ ಹಚ್ಚಿ, ಅಂಚನ್ನು ಕಡ್ಡಿಯ ಸುತ್ತ ಒಳಕ್ಕೆ ಮಡಚಿ. ಮೂಲೆಯಲ್ಲಿ ಗಂಟು ಅಡ್ಡ ಬರುತ್ತದೆ, ಕಾಗದದ ಮೂಲೆಯನ್ನು ಸ್ವಲ್ಪ ಕತ್ತರಿಸಿ ತೆಗೆದರೆ ಸರಿಯಾಗಿ ಕೂರುತ್ತದೆ. ಆಮೇಲೆ ತ್ರಿಕೋನಗಳು. ಒಬ್ಬರು ಕಾಗದವನ್ನು ಎರಡು ಮೂಲೆ ಹಿಡಿದು ಎಳೆದಿರಲಿ, ಇನ್ನೊಬ್ಬರು ಮಡಚಲಿ. ಒಬ್ಬರೇ ಮಾಡಿದರೆ ಕಾಗದ ಜೋತುಬೀಳುತ್ತದೆ.

ಬಣ್ಣದ ವಿಷಯದಲ್ಲಿ ಪ್ರತಿ ಸಲವೂ ಚರ್ಚೆ ಏಳುತ್ತದೆ. ಎರಡು ಬಣ್ಣ ಸಾಕು ಅನ್ನುವುದು ನನ್ನ ಅಭಿಪ್ರಾಯ: ಚೌಕಗಳಿಗೆ ಒಂದು, ತ್ರಿಕೋನಗಳಿಗೆ ಇನ್ನೊಂದು. ಹಳದಿ, ಕೇಸರಿ, ಕೆಂಪು ಬೆಳಕಿನಲ್ಲಿ ಅರಳುತ್ತವೆ. ಕಡುನೀಲಿ, ನೇರಳೆ ಕತ್ತಲಲ್ಲಿ ಮಂಕಾಗುತ್ತವೆ.

ಬಾಲಂಗೋಚಿ ಮಕ್ಕಳಿಗೆ ಬಿಡಿ. ಉಳಿದ ಉದ್ದ ಪಟ್ಟಿಯನ್ನು ಒಂದು ತುದಿಯಲ್ಲಿ 5 ಸೆಂಟಿಮೀಟರ್ ಬಿಟ್ಟು, ಉದ್ದಕ್ಕೂ ಬೆರಳಗಲದ ಎಳೆಗಳಾಗಿ ಕತ್ತರಿಸಬೇಕು. ಬಿಟ್ಟ ತುದಿಯನ್ನು ಸುರುಳಿ ಸುತ್ತಿ ಬುಡದ ನಾಲ್ಕು ಮೂಲೆಗೆ ಒಂದೊಂದು ಕಟ್ಟಿದರೆ ಆಯಿತು.

ದೀಪ, ಮಳೆ, ಆಮೇಲೆ

ಹೋಲ್ಡರನ್ನು ತಲೆಯ ಅಡ್ಡಕಡ್ಡಿಗೆ ಕಟ್ಟಿ, ಬಲ್ಬು ಗೂಡಿನ ನಟ್ಟನಡುವೆ ತೂಗುವಂತೆ ಇಳಿಬಿಡಿ. ಹಳೆಯ ಕಾಲದ ಬಿಸಿಯಾಗುವ ಬಲ್ಬು ಬೇಡ. ಹಿಂದೆ ಇದರೊಳಗೆ ಹಣತೆಯನ್ನೇ ಇಡುತ್ತಿದ್ದರು. ಅಂಗಳದ ಗಾಳಿಗೆ ಕಾಗದದ ಗೂಡಿನಲ್ಲಿ ಅದು ಅಪಾಯ. ವಯರಿನಲ್ಲಿ ಜೋಡಣೆ ಇದ್ದರೆ ಟೇಪು ಸುತ್ತಿರಲಿ, ಗೊತ್ತಿದ್ದವರೇ ಆ ಕೆಲಸ ಮಾಡಲಿ. ಗೂಡಿನ ಭಾರವನ್ನು ವಯರಿನ ಮೇಲೆ ಬಿಡಬೇಡಿ. ತಲೆಯ ನಾಲ್ಕು ಮೂಲೆಗಳಿಂದ ನಾಲ್ಕು ದಾರ ಎತ್ತಿ ಒಂದೇ ಕಡೆ ಗಂಟು ಹಾಕಿ, ಅದರಿಂದ ತೂಗುಹಾಕಿ.

ದೀಪಾವಳಿಯ ದಿನಗಳಲ್ಲಿ ಸಂಜೆ ಗುಡುಗು ಮಳೆ ಕರಾವಳಿಗೂ ಮಲೆನಾಡಿಗೂ ಹೊಸದಲ್ಲ. ಹಾಗಾಗಿ ಜಾಗ ಆರಿಸುವಾಗ ಮಾಡಿನ ಕೆಳಗೆ, ಎರಚಲು ಬೀಳದ ಕಡೆ ನೋಡಿ. ತುಳಸಿಕಟ್ಟೆಯ ಹತ್ತಿರ ಕಂಬಕ್ಕೆ ಏರಿಸಬೇಕು ಅನ್ನುವವರು ಹಗ್ಗ, ಸಣ್ಣ ರಾಟೆ ಹಾಕಿಕೊಳ್ಳಿ. ಮೋಡ ಕಂಡರೆ ಬೇಗ ಇಳಿಸಬಹುದು.

ಕೈ ಪಳಗಿದವರಿಗೆ ಮುಂದೆ ದಾರಿ ಬಹಳ ಇದೆ. ಮಂಗಳೂರಿನ ಕುದ್ರೋಳಿ ಗೋಕರ್ಣನಾಥ ಕ್ಷೇತ್ರದಲ್ಲಿ ದೀಪಾವಳಿಯ ಹೊತ್ತಿಗೆ ಗೂಡುದೀಪ ಸ್ಪರ್ಧೆ ನಡೆಯುತ್ತದೆ. ಅಲ್ಲಿ ಭತ್ತ, ಬೇಳೆಕಾಳು ಅಂಟಿಸಿ ಮಾಡಿದ ಗೂಡುಗಳೂ ಬರುತ್ತವೆ. ಒಮ್ಮೆ ಹೋಗಿ ಹತ್ತಿರದಿಂದ ನೋಡಿ. ಮೂಲೆಯನ್ನು ಹೇಗೆ ಕಟ್ಟಿದ್ದಾರೆ, ಕಾಗದವನ್ನು ಹೇಗೆ ಮಡಚಿದ್ದಾರೆ ಅಂತ ಕೇಳಿದರೆ ಮಾಡಿದವರು ಖುಷಿಯಿಂದ ಹೇಳುತ್ತಾರೆ.

ತುಳಸಿ ಪೂಜೆ ಮುಗಿದ ಮೇಲೆ ಗೂಡು ಇಳಿಸಿ. ಕಾಗದ ಬಿಡಿಸಿ, ಹನ್ನೆರಡು ಗಂಟು ಮಾತ್ರ ಕತ್ತರಿಸಿ. ಚೌಕಗಳ ಮೂಲೆ ಬಿಚ್ಚಬೇಡಿ. ಆರು ಚೌಕಗಳು ಒಂದರ ಮೇಲೊಂದು ಕೂತು ಚಪ್ಪಟೆಯಾಗುತ್ತವೆ, ಸಾಧಾರಣ ಚೀಲದಲ್ಲಿ ಹಿಡಿಯುತ್ತವೆ. ಬೆಂಗಳೂರಿಗೋ ಮುಂಬೈಗೋ ಒಯ್ಯಬೇಕಾದವರಿಗೂ ಇದೇ ಉಪಾಯ. ಒಂದು ದಿನ ಬಿಸಿಲಿಗೆ ಒಣಗಿಸಿ, ರಟ್ಟಿನ ಎರಡು ಅಚ್ಚುಗಳನ್ನೂ ಜೊತೆಗಿಟ್ಟು ಕಾಗದದಲ್ಲಿ ಸುತ್ತಿ ಅಟ್ಟದ ಮೇಲಿಡಿ. ಮುಂದಿನ ವರ್ಷ ಕಾಗದ, ದಾರ, ಮೈದಾ ತಂದರೆ ಸಾಕು.