ಮೈಕ್ ಬಿಟ್ಟು ಕಟ್ಟೆಗೆ ಹೋದ ಮೇಲೆ ಗೋವಾದವರ ಜೊತೆ ಮಾತು ಶುರುವಾಯಿತು

ಗಡಿಯ ಆಚೆ-ಈಚೆಯವರನ್ನು ಕೂಡಿಸುವ ಕೆಲಸ ನಿಮ್ಮಲ್ಲೂ ಹಲವರು ಮಾಡುತ್ತಿದ್ದೀರಿ. ಅದು ಯಾಕೆ ಬೇಕು ಅಂತ ಇಲ್ಲಿ ಬರೆಯುವುದಿಲ್ಲ. ನದಿ ಅಳಿವೆಯ ಉಪ್ಪುನೀರಿನ ಪಕ್ಕ ಭತ್ತ ಬೆಳೆಯುವ ಕುಮಟಾದ ಗಜನಿ ರೈತರನ್ನೂ ಗೋವಾದ ಖಾಜಾನ್ ರೈತರನ್ನೂ ಒಟ್ಟಿಗೆ ಕೂರಿಸುತ್ತೇನೆ ಎಂದಾಗ, "ಮಹದಾಯಿ ಹೆಸರು ಬಂದ ಕೂಡಲೇ ಎದ್ದು ಹೋಗ್ತಾರೆ" ಎಂದವರೇ ಜಾಸ್ತಿ. ಎರಡೂ ರಾಜ್ಯಗಳ ನಡುವೆ ಆ ನದಿಯ ನೀರಿನದ್ದೇ ಜಗಳ. ಈಗ ಕೆಲವು ವರ್ಷಗಳಿಂದ ನಡೆಯುತ್ತಿದೆ. ಯಾರೂ ಎದ್ದು ಹೋಗಿಲ್ಲ.

ಮೊದಲು ಎಲ್ಲರಂತೆ ಕಾರವಾರದಲ್ಲಿ ಹಾಲ್ ಹಿಡಿದಿದ್ದೆವು. ಮೂವತ್ತು ಸಾವಿರದ ಹತ್ತಿರ ಖರ್ಚು. ಅರ್ಧಕ್ಕಿಂತ ಜಾಸ್ತಿ ಹೋಗಿದ್ದು ಬಾಡಿಗೆ, ಮೈಕ್, ಬ್ಯಾನರ್, ಶಾಲು-ಹಾರಕ್ಕೆ. ಭಾಷಣ ಕದಂಬರ ಕಾಲದಿಂದ ಹೊರಟು ಊಟದ ಹೊತ್ತಿಗೆ ಮುಗಿಯಿತು. ಊಟಕ್ಕೆ ನಮ್ಮವರದ್ದೇ ಒಂದು ಸಾಲು, ಅವರದ್ದೇ ಒಂದು ಸಾಲು. ಆಮೇಲೆ ವಾಟ್ಸಾಪ್ ಗುಂಪು ಮಾಡಿದೆವು. 2018ರಲ್ಲಿ ಮೀನು ಕೆಡದಂತೆ ಫಾರ್ಮಲಿನ್ ರಾಸಾಯನಿಕ ಹಾಕುತ್ತಾರೆ ಎಂದು ಗಲಾಟೆಯಾಗಿ ಗೋವಾ ಹೊರಗಿನ ಮೀನಿನ ಗಾಡಿಗಳನ್ನು ತಡೆಯಿತಲ್ಲ, ಆಗ ಗುಂಪೂ ಒಡೆಯಿತು. ದುಡ್ಡು ಕೊಡುತ್ತೇವೆ ಎಂದ ಸಂಸ್ಥೆಯೊಂದು ಬ್ಯಾನರ್ ಹಿಡಿದ ಫೋಟೋ, ಹಾಜರಿ ಪಟ್ಟಿ ಎಲ್ಲ ತೆಗೆದುಕೊಂಡಿತು. ಕೊನೇ ಕಂತು ಮಾತ್ರ ಬರಲಿಲ್ಲ. ಟೆಂಪೋದವನಿಗೆ ನಾನೇ ಕೈಯಿಂದ ಕೊಟ್ಟೆ.

ದಾರಿ ಸಿಕ್ಕಿದ್ದು ಕುಮಟಾದ ಅಘನಾಶಿನಿ ನದಿ ದಂಡೆಯಲ್ಲಿ. ನಮ್ಮ ಗಜನಿ, ಅವರ ಖಾಜಾನ್ ಒಂದೇ ಬಗೆಯ ಗದ್ದೆ. ಕಟ್ಟೆ ಹಾಕಿ ಉಪ್ಪುನೀರು ತಡೆಯಬೇಕು, ಮಳೆಗಾಲದಲ್ಲಿ ಭತ್ತ, ಆಮೇಲೆ ಸಿಗಡಿ, ಮೀನು. ಇಲ್ಲಿ ಕಗ್ಗ, ಅಲ್ಲಿ ಕೋರ್ಗುಟ್. ಎರಡೂ ಉಪ್ಪು ತಾಳುವ ಭತ್ತ. ಸಿಗಡಿ ದುಡ್ಡಿನ ಆಸೆಗೆ ಕಟ್ಟೆಯ ನೀರಿನ ಬಾಗಿಲು ತೆರೆದಿಟ್ಟು ಭತ್ತದ ಗದ್ದೆ ಹಾಳಾಗುವ ಜಗಳವೂ ಎರಡೂ ಕಡೆ ಇದೆ.

ಹಾಗಾಗಿ ಸಭೆಯನ್ನು ಕಟ್ಟೆಯ ಮೇಲೇ ಇಟ್ಟೆವು, ನೀರಿನ ಬಾಗಿಲ ಹತ್ತಿರ, ಇಳಿತದ ಹೊತ್ತಿಗೆ. ಗೋವಾದಿಂದ ಬಂದ ಹಿರಿಯರೊಬ್ಬರು ಬಾಗಿಲಿನ ಹಲಗೆಯ ಸಂದಿಗೆ ಬೆರಳು ತೂರಿಸಿದರು. ಒಸರಿದ ನೀರನ್ನು ನಾಲಿಗೆಗೆ ಇಟ್ಟು ಕೊಂಕಣಿಯಲ್ಲಿ ಏನೋ ಗೊಣಗಿದರು. ನಮ್ಮ ಹಾಲಕ್ಕಿ ಒಕ್ಕಲಿಗರ ಅಜ್ಜಿಗೆ ಕೊಂಕಣಿ ಬಾರದು. ಆದರೂ ಅವಳು ಮಂಡಿಯೂರಿ, "ಇಲ್ಲಿ ನೋಡಿ, ಏಡಿ ಕೊರೆದದ್ದು" ಎಂದು ಕಟ್ಟೆಯ ಬುಡದ ತೂತು ತೋರಿಸಿದಳು. ಇಬ್ಬರೂ ಸೇರಿ ಜೇಡಿಮಣ್ಣಿಗೆ ಹುಲ್ಲು ಕಲಸಿ ತುಂಬಿದರು. ಸುತ್ತ ನಿಂತವರು ತಾವೇ ಮಾತಿಗೆ ಇಳಿದರು. ಎರಡೂ ಭಾಷೆ ಬಲ್ಲ ಕಾರವಾರದವರನ್ನು ನಡುನಡುವೆ ಕೂರಿಸಿದ್ದೆ. ಯಾರ ಪಕ್ಕ ಯಾರನ್ನು ಮೊದಲು ಕೂರಿಸಬೇಕು ಎನ್ನುವುದಕ್ಕೆ ನನ್ನದೊಂದು ಲೆಕ್ಕ ಇದೆ. ಅದನ್ನು ಇಲ್ಲಿ ಹೇಳುವುದಿಲ್ಲ, ಜೊತೆಗೆ ಬಂದು ಕೆಲಸ ಮಾಡುವವರಿಗೆ ತೋರಿಸುತ್ತೇನೆ.

ಖರ್ಚು ಈಗ ತೀರಾ ಕಡಿಮೆ. ಟೆಂಪೋ ಮಾಡಿದರೆ ಬಾಡಿಗೆ, ಗಡಿಯ ಮಾಜಾಳಿ ದಾಟುವ ತೆರಿಗೆ ಎಲ್ಲ ಸೇರಿ ಹತ್ತು ಸಾವಿರ ದಾಟುತ್ತಿತ್ತು. ಈಗ ಕುಮಟಾದಿಂದ ಪ್ಯಾಸೆಂಜರ್ ರೈಲು. ಟಿಕೆಟ್ ನೂರರೊಳಗೆ, ಅವರವರದ್ದು ಅವರವರೇ. ಬಂದವರು ತಮ್ಮ ಗದ್ದೆಯ ಅಕ್ಕಿ ತರಬೇಕು, ಕರೆದವರು ಸಾರು ಮಾಡಬೇಕು. ಒಂದು ಸಭೆ ಎರಡು-ಮೂರು ಸಾವಿರದಲ್ಲಿ ಮುಗಿಯುತ್ತದೆ. ಬಿತ್ತನೆಯ ವಿವರದ ಚೀಟಿಯನ್ನು ಕನ್ನಡ, ದೇವನಾಗರಿ, ರೋಮನ್ ಮೂರೂ ಲಿಪಿಯಲ್ಲಿ ಬರೆಸುತ್ತೇನೆ. ಗೋವಾದ ಕ್ರೈಸ್ತ ಅಜ್ಜಿಯರಿಗೆ ರೋಮನ್ ಲಿಪಿಯೇ ಸಲೀಸು.

ಮಹದಾಯಿ ವಿಷಯ ಬಂದೇ ಬಂತು. ಊಟ ಆಗುವ ತನಕ ಎತ್ತಬಾರದು ಎನ್ನುವುದೊಂದೇ ನನ್ನ ಕರಾರು. ಎರಡು ತಾಸು ಬಿಸಿಬಿಸಿಯಾಗೇ ಮಾತು ನಡೆಯಿತು. ಕುಡಿಯುವ ನೀರಿಲ್ಲದ ಹುಬ್ಬಳ್ಳಿ ಕಡೆಯವರ ಕಷ್ಟವನ್ನು ನಮ್ಮವರು ಹೇಳಿದರು. ಮೇಲಿನಿಂದ ಸಿಹಿನೀರು ಕಡಿಮೆಯಾದರೆ ಉಪ್ಪು ಎಲ್ಲಿಯ ತನಕ ಏರುತ್ತದೆ ಎಂದು ಅವರು ಕೇಳಿದರು. ಅದನ್ನು ಗಜನಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ ಅಲ್ವಾ? ಅಘನಾಶಿನಿಯ ನೀರನ್ನು ವೇದಾವತಿ ನದಿಗೆ ಒಯ್ಯುವ ಜೋಡಣೆಯ ಮಾತು ಬಂದಾಗಿನಿಂದ ಶಿರಸಿಯಲ್ಲೂ ಕುಮಟಾದಲ್ಲೂ ಅದೇ ಭಯ. ಒಪ್ಪಂದ ಏನೂ ಆಗಲಿಲ್ಲ. ಆದರೆ ಒಬ್ಬರ ವಾದ ಇನ್ನೊಬ್ಬರಿಗೆ ಪೂರ್ತಿ ಕೇಳಿಸಿತು. ಇಷ್ಟನ್ನು ದೊಡ್ಡ ದೊಡ್ಡ ವೇದಿಕೆಗಳಲ್ಲಿ ನಾನು ಕಂಡಿಲ್ಲ.

ನಡುವೆ ಯಲ್ಲಾಪುರದ ಸಿದ್ದಿಯರನ್ನೂ ಕರೆತಂದೆ. ಅವರ ಡಮಾಮಿ ಕುಣಿತಕ್ಕೆ ಎಲ್ಲರೂ ಹೆಜ್ಜೆ ಹಾಕಿದರು, ಆದರೆ ಮಾತು ಮುಂದುವರಿಯಲಿಲ್ಲ. ಕಾಡಿನ ಜೇನು-ಸೊಪ್ಪಿನವರಿಗೂ ಕಟ್ಟೆಯವರಿಗೂ ಒಟ್ಟಿಗೆ ಕೈ ಹಾಕುವ ಕೆಲಸ ಇರಲಿಲ್ಲ. ಅವರಿಗೆ ಗೋವಾದ ಕಾಡಂಚಿನ ಬುಡಕಟ್ಟಿನವರಾದ ವೇಳಿಪರೇ ಸರಿಯಾದ ಜೊತೆ ಅನಿಸಿದೆ. ಆ ಕೆಲಸ ಇನ್ನೂ ಆಗಬೇಕು. ಬೀಜವನ್ನೂ ಅದಲು-ಬದಲು ಮಾಡಿದೆವು. ಕೋರ್ಗುಟ್ ಇಲ್ಲಿ ಒಂದು ಮೂಲೆಯಲ್ಲಿ ಚೆನ್ನಾಗೇ ಎದ್ದಿತು, ಕಾಳು ಕಟ್ಟುವಾಗ ಹಕ್ಕಿಗಳು ಅರ್ಧ ತಿಂದವು. ಉಳಿದದ್ದು ಹತ್ತು-ಹನ್ನೆರಡು ಸೇರು. ಅಷ್ಟನ್ನೂ ಬೀಜಕ್ಕೇ ಇಟ್ಟಿದ್ದೇವೆ.

ಈಗ ಕಾಳಿ ಅಳಿವೆಯ ಕಡೆಯವರೂ ಸೇರುತ್ತೇವೆ ಎನ್ನುತ್ತಿದ್ದಾರೆ. ಮುಂದಿನ ಸರದಿ ಗೋವಾದವರದ್ದು. ಕೊಯ್ಲು ಮುಗಿದ ಮೇಲೆ ಬರುವ ಅಮಾವಾಸ್ಯೆಗೆ, ಅವರ ಊರಿನ ಒಡೆದ ಕಟ್ಟೆಗೆ ಮಣ್ಣು ಹಾಕಲು ಹೋಗುತ್ತೇವೆ.